ಎಚ್ಚರಿಕೆ ಬಂದಿತ್ತು, ಓದೋರು ಇರಲಿಲ್ಲ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)

ಸಾಗರದಲ್ಲಿ ಬೆಳಗ್ಗೆಯಿಂದ ಮಳೆ ಬಿಟ್ಟಿಲ್ಲ. ಹಿಂದೆ ಹೆಂಚಿನ ಮೇಲೆ ನೀರು ಬೀಳೋ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ. ಕರೆಂಟು ಇರುವಾಗಲೇ ರೆಕಾರ್ಡ್ ಮುಗಿಸಬೇಕು.

ಇವತ್ತಿನ ವಿಷಯ ಮೇಲ್ ಸರ್ವರ್. ಹೆಸರು ಕೇಳಿಯೇ ಮುಂದಿನ ಸಂಚಿಕೆಗೆ ಹೋಗಬೇಡಿ ಮಾರಾಯ್ರೇ. ಇದು ನಾನೇ ಮಾಡಿದ ಒಂದು ತಪ್ಪಿನ ಕಥೆ.

ಹೊಸನಗರದ ಕಡೆ ಒಂದು ಸಣ್ಣ ಕಚೇರಿ ಇದೆ. ಹೆಸರು ಬೇಡ. ಸುತ್ತಲಿನ ಬೆಳೆಗಾರರು ಅಡಿಕೆ ತಂದು ಹಾಕ್ತಾರೆ, ತೂಕ ಆಗುತ್ತೆ, ಚಾಲಿ ಎಷ್ಟು, ರಾಶಿ ಎಷ್ಟು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ದು ಅಂತ ಬರೆದಿಡ್ತಾರೆ. ಈ ಲೆಕ್ಕ ಇಡೋಕೆ ಒಂದು ಹಳೇ ಕಂಪ್ಯೂಟರಿಗೆ ಡೆಬಿಯನ್ ಲಿನಕ್ಸ್ ಹಾಕಿ ಕೊಟ್ಟವನು ನಾನು. ದುಡ್ಡು ತಗೊಂಡಿರಲಿಲ್ಲ, ಅಲ್ಲಿ ಕೆಲಸ ಮಾಡೋ ಅಕ್ಕ ಕೊಟ್ಟ ಒಂದು ಡಬ್ಬಿ ತೊಡೆದೇವು ತಗೊಂಡಿದ್ದೆ ಅಷ್ಟೆ. ಆಮೇಲೆ ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಎರಡನೇ ವರ್ಷದ ಮಳೆಗಾಲದಲ್ಲಿ ಅಕ್ಕನ ಫೋನ್ ಬಂತು. "ತಮ್ಮಾ, ಪೆಟ್ಟಿಗೆ ಟಿಕ್ ಟಿಕ್ ಅಂತ ಸದ್ದು ಮಾಡ್ತಾ ಇದೆ, ಏನೂ ತೆರೀತಿಲ್ಲ." ಹೋಗಿ ನೋಡಿದೆ. ಹಾರ್ಡ್ ಡಿಸ್ಕ್ ಹೋಗಿತ್ತು. ಬ್ಯಾಕಪ್ ನಾಲ್ಕು ತಿಂಗಳ ಹಿಂದಿನದು. ನಾನು ಅಲ್ಲಿ ಕೂತಿದ್ದಾಗಲೇ ವಯಸ್ಸಾದ ಒಬ್ಬರು ಕೊಡೆ ಮಡಚಿಕೊಂಡು ಒಳಗೆ ಬಂದರು. ಅವರು ಚಾಲಿ ಹಾಕಿ ಹೋಗಿದ್ದು ಆ ನಾಲ್ಕು ತಿಂಗಳಲ್ಲೇ. "ನನ್ನ ಲೆಕ್ಕ ಎಲ್ಲಿ ಹೋತು?" ಅಂತ ಕೇಳಿದರು. ಸಿಟ್ಟಿನಿಂದ ಕೇಳಿದ್ದರೆ ತಡ್ಕೋಬಹುದಿತ್ತು. ಅವರು ಮೆತ್ತಗೆ ಕೇಳಿದರು.

ಪುಣ್ಯಕ್ಕೆ ಅಕ್ಕ ಕಂಪ್ಯೂಟರನ್ನು ಪೂರ್ತಿ ನಂಬಿರಲಿಲ್ಲ. ತೂಕದ ಚೀಟಿಗಳ ನಕಲನ್ನೆಲ್ಲ ತಂತಿಗೆ ಪೋಣಿಸಿ ಇಟ್ಟಿದ್ದರು. ನಾವಿಬ್ಬರೂ ಮೂರು ವಾರ ಕೂತು ಅದನ್ನೆಲ್ಲ ಮತ್ತೆ ಟೈಪ್ ಮಾಡಿದೆವು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಬೇರೆ. ಆ ಡಿಸ್ಕನ್ನು ಮನೆಗೆ ತಂದು, ಓದೋಕೆ ಆದಷ್ಟನ್ನು ಓದಿದೆ. ಒಂದು ಕಡತ ಸಿಕ್ತು: ರೂಟ್ ಬಳಕೆದಾರನ ಅಂಚೆಪೆಟ್ಟಿಗೆ. ಅದರಲ್ಲಿ ನಲವತ್ತೊಂದು ಪತ್ರ. ಎಲ್ಲದರಲ್ಲೂ ಹೆಚ್ಚು ಕಡಿಮೆ ಒಂದೇ ಒಕ್ಕಣೆ: ಡಿಸ್ಕ್ ಕೆಡ್ತಾ ಇದೆ, ನೋಡಿ. ಮೊದಲನೇ ಪತ್ರಕ್ಕೂ ಡಿಸ್ಕ್ ಸತ್ತ ದಿನಕ್ಕೂ ನಡುವೆ ಆರು ವಾರ. ಡಿಸ್ಕಿನ ಆರೋಗ್ಯ ನೋಡೋ ಸ್ಮಾರ್ಟ್‌ಡಿ ಅನ್ನೋ ಪ್ರೋಗ್ರಾಮ್ ತನ್ನ ಕೆಲಸ ಮಾಡಿತ್ತು. ಮೇಲ್ ಸರ್ವರ್ ಕೂಡ ತನ್ನ ಕೆಲಸ ಮಾಡಿತ್ತು. ಪತ್ರಗಳು ಮಾತ್ರ ಆ ಪೆಟ್ಟಿಗೆಯ ಒಳಗೇ ಹುಟ್ಟಿ, ಅಲ್ಲೇ ಉಳಿದುಬಿಟ್ಟಿದ್ದವು.

ಯಾಕೆ ಹೀಗಾಯ್ತು? ಡೆಬಿಯನ್ ಜೊತೆ ಬರುತ್ತಿದ್ದ ಮೇಲ್ ಸರ್ವರ್ ಹೆಸರು ಎಕ್ಸಿಮ್. ಕೇಂಬ್ರಿಜ್ ವಿಶ್ವವಿದ್ಯಾಲಯದ ಫಿಲಿಪ್ ಹೇಜಲ್ ಅದನ್ನು ಬರೆಯೋಕೆ ಶುರು ಮಾಡಿದ್ದು 1995ರಲ್ಲಿ. ಒಳ್ಳೇ ತಂತ್ರಾಂಶವೇ. ಆದರೆ ನಾವು ಏನೂ ಹೇಳದೇ ಇದ್ದರೆ ಡೆಬಿಯನ್ ಅದನ್ನು "ಈ ಯಂತ್ರದೊಳಗಿನ ಅಂಚೆ ಮಾತ್ರ" ಅನ್ನೋ ಸ್ಥಿತಿಯಲ್ಲಿ ಇಡುತ್ತೆ. ಹೊರಗೆ ಕಳಿಸಲ್ಲ. ಅದು ಸರಿಯೇ. ಯಾರ ಮೂಲಕ ಕಳಿಸಬೇಕು, ಯಾರಿಗೆ ಕಳಿಸಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಹೇಳಬೇಕಾಗಿದ್ದವನು ನಾನು. ಹೇಳಿರಲಿಲ್ಲ.

ಈ ಡಿಫಾಲ್ಟ್ ಅನ್ನೋದರ ಹಿಂದೆ ದೊಡ್ಡ ಕಥೆ ಇದೆ, ಚುಟುಕಾಗಿ ಹೇಳ್ತೀನಿ. 1980ರ ದಶಕದಲ್ಲಿ ಬರ್ಕ್ಲಿಯ ಯುನಿಕ್ಸ್ ಜೊತೆ ಎರಿಕ್ ಆಲ್‌ಮನ್ ಬರೆದ ಸೆಂಡ್‌ಮೇಲ್ ಬರುತ್ತಿತ್ತು. ಯುನಿಕ್ಸ್ ಇದ್ದಲ್ಲೆಲ್ಲ ಅದೇ. ಅದನ್ನು ಹೊಂದಿಸೋದು ಎಷ್ಟು ಕಷ್ಟ ಅಂದರೆ, ಅದರ ಬಗ್ಗೆ ಇದ್ದ ಹೆಸರಾಂತ ಕೈಪಿಡಿ ಸಾವಿರ ಪುಟ ದಾಟಿತ್ತು. 1988ರ ನವೆಂಬರ್ 2ರಂದು ಮಾರಿಸ್ ವರ್ಮ್ ಅನ್ನೋ ಹುಳ ಇಂಟರ್ನೆಟ್ಟಿಗೆ ಬಿತ್ತಲ್ಲ, ಅದು ಒಳಗೆ ನುಗ್ಗಿದ ದಾರಿಗಳಲ್ಲಿ ಒಂದು ಸೆಂಡ್‌ಮೇಲ್. ಪರೀಕ್ಷೆಗೆ ಅಂತ ಇಟ್ಟಿದ್ದ ಡೀಬಗ್ ಬಾಗಿಲನ್ನು ತುಂಬಾ ಕಡೆ ಮುಚ್ಚಿರಲೇ ಇಲ್ಲ. ಹುಳ ಹಿಡಿದ ಯಂತ್ರಗಳು ಸುಮಾರು 6,000 ಅಂತ ಆಗ ಅಂದಾಜು ಮಾಡಿದ್ದರು.

ಅದಾದ ಮೇಲೆ ಬದಲಿಗಳು ಬಂದವು. ಡೇನಿಯಲ್ ಬರ್ನ್‌ಸ್ಟೈನ್ ಅವರ ಕ್ಯೂಮೇಲ್ ಬಂತು. 1998ರ ಕೊನೆಗೆ ಐಬಿಎಂನಲ್ಲಿದ್ದ ವೀಟ್ಸೆ ವೆನೆಮಾ ಅವರ ಪೋಸ್ಟ್‌ಫಿಕ್ಸ್ ಬಂತು. ಸೆಂಡ್‌ಮೇಲ್‌ನಲ್ಲಿ ಎಲ್ಲ ಅಧಿಕಾರ ಒಂದೇ ದೊಡ್ಡ ಪ್ರೋಗ್ರಾಮಿನ ಕೈಲಿ ಇರುತ್ತಿತ್ತು. ಪೋಸ್ಟ್‌ಫಿಕ್ಸ್‌ನಲ್ಲಿ ಅಂಚೆ ತಗೊಳ್ಳೋನು ಒಬ್ಬ, ವಿಂಗಡಿಸೋನು ಒಬ್ಬ, ಹಂಚೋನು ಒಬ್ಬ. ಒಬ್ಬನನ್ನು ಕಳ್ಳ ಹಿಡಿದುಕೊಂಡರೂ ಇಡೀ ಮನೆ ಬೀಗದ ಕೈ ಸಿಗಲ್ಲ.

ಆದರೂ ಡಿಫಾಲ್ಟ್ ಬದಲಾಗೋಕೆ ಕಾಲ ಹಿಡೀತು. ರೆಡ್ ಹ್ಯಾಟ್‌ನ ಎಂಟರ್‌ಪ್ರೈಸ್ ಲಿನಕ್ಸ್ ಸೆಂಡ್‌ಮೇಲ್ ಬಿಟ್ಟು ಪೋಸ್ಟ್‌ಫಿಕ್ಸ್‌ಗೆ ಬಂದಿದ್ದು 2010ರ 6ನೇ ಆವೃತ್ತಿಯಲ್ಲಿ. ಫ್ರೀಬಿಎಸ್‌ಡಿ ತನ್ನ ಡಿಫಾಲ್ಟನ್ನು ಸೆಂಡ್‌ಮೇಲ್‌ನಿಂದ ಡಿಎಂಎ ಅನ್ನೋ ಪುಟ್ಟ ತಂತ್ರಾಂಶಕ್ಕೆ ಬದಲಿಸಿದ್ದು 2023ರ ನವೆಂಬರ್‌ನಲ್ಲಿ ಬಂದ 14.0ರಲ್ಲಿ. ನಾಲ್ಕು ದಶಕ ನೋಡಿ. ಮತ್ತೂ ಒಂದು ತಮಾಷೆ ಇದೆ. ಪೋಸ್ಟ್‌ಫಿಕ್ಸ್ ಹಾಕಿ, ಎಕ್ಸಿಮ್ ಹಾಕಿ, ಪತ್ರ ಕಳಿಸೋ ಕಮಾಂಡಿನ ಹೆಸರು ಇವತ್ತಿಗೂ ಸೆಂಡ್‌ಮೇಲ್ ಅಂತಲೇ. ಉಳಿದ ಪ್ರೋಗ್ರಾಮುಗಳೆಲ್ಲ ಆ ಹೆಸರನ್ನೇ ಕೂಗಿ ಕರೀತಾವೆ. ಹಾಗಾಗಿ ಒಳಗಿನ ಆಳು ಬದಲಾದರೂ ಅವುಗಳಿಗೆ ಗೊತ್ತಾಗಲ್ಲ. ಬದಲಾವಣೆ ಸುಲಭ ಆಗಿರೋದೇ ಇದರಿಂದ.

ಸರಿ, ನಾನು ಏನು ಮಾಡಿದೆ? ತೀರ್ಥಹಳ್ಳಿಯ ಗೆಳೆಯನೊಬ್ಬ ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡ್ತಾನೆ, ಅಂದರೆ ನೆಟ್‌ವರ್ಕ್ ಇದ್ದ ದಿನ ಮಾಡ್ತಾನೆ. ಅವನನ್ನು ಕೇಳಿದೆ. "ಎಂಎಸ್‌ಎಂಟಿಪಿ ಹಾಕು, ಸಣ್ಣದು, ಐದು ನಿಮಿಷದ ಕೆಲಸ" ಅಂದ. ಆಮೇಲೆ ಅವನೇ ನಿಲ್ಲಿಸಿ, "ಅಲ್ಲ ಮಾರಾಯ, ನಿಮ್ಮಲ್ಲಿ ಮಳೆಗಾಲದಲ್ಲಿ ನೆಟ್ ಇರುತ್ತಾ?" ಅಂದ. ಇಡೀ ಉತ್ತರ ಆ ಪ್ರಶ್ನೆಯಲ್ಲೇ ಇತ್ತು.

ಸಿಗಂದೂರಿಗೆ ಹೋಗೋಕೆ 2025ರ ಜುಲೈನಲ್ಲಿ ಸೇತುವೆ ಆಗೋ ತನಕ ಶರಾವತಿ ಹಿನ್ನೀರು ದಾಟಬೇಕಿತ್ತಲ್ಲ, ಲಾಂಚ್‌ನಲ್ಲಿ. ದಡಕ್ಕೆ ಬಂದಾಗ ಲಾಂಚ್ ಇಲ್ಲ ಅಂದ್ಕೊಳ್ಳಿ. ಒಬ್ಬ "ಲಾಂಚ್ ಇಲ್ಲ" ಅಂತ ಹೇಳಿ ಮನೆಗೆ ವಾಪಸ್ ಹೋಗ್ತಾನೆ. ಇನ್ನೊಬ್ಬ ಸಾಲಿನಲ್ಲಿ ನಿಂತು ಕಾಯ್ತಾನೆ. ಎಂಎಸ್‌ಎಂಟಿಪಿ ಮೊದಲನೆಯವನು. ಅದಕ್ಕೆ ಸ್ವಂತ ಸರದಿ ಇಲ್ಲ, ಆ ಕ್ಷಣ ನೆಟ್ ಇಲ್ಲದಿದ್ದರೆ ಪತ್ರ ಹೋಗಲ್ಲ. ಪೋಸ್ಟ್‌ಫಿಕ್ಸ್ ಎರಡನೆಯವನು. ಪತ್ರವನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನ ಮಾಡುತ್ತೆ, ನಾವು ಬದಲಿಸದಿದ್ದರೆ 5 ದಿನದ ತನಕ. ಮರ ಬಿದ್ದು ಲೈನ್ ಹೋದರೆ ಎರಡು ದಿನ ಕತ್ತಲೆಯಲ್ಲಿ ಇರೋ ನಮ್ಮ ಕಡೆಗೆ ಈ ಕಾಯೋ ಗುಣವೇ ಬೇಕು. ಎಕ್ಸಿಮ್ ಕೂಡ ಕಾಯುತ್ತೆ, ಅದನ್ನೇ ಸರಿಯಾಗಿ ಹೊಂದಿಸಬಹುದಿತ್ತು. ನನಗೂ ಗೆಳೆಯನಿಗೂ ಪೋಸ್ಟ್‌ಫಿಕ್ಸ್ ಅರ್ಥ ಆಗುತ್ತೆ, ಅದಕ್ಕೇ ಬದಲಿಸಿದೆ. ಕೆಟ್ಟಾಗ ರಿಪೇರಿ ಮಾಡೋಕೆ ಬರೋದನ್ನೇ ಇಟ್ಟುಕೊಳ್ಳಬೇಕು.

ಬದಲಿಸೋ ಕ್ರಮ ಹೇಳ್ತೀನಿ, ಆಸಕ್ತಿ ಇರೋರು ಬರ್ಕೊಳ್ಳಿ. ಮೊದಲು ಹಳೇ ಸರ್ವರಿನ ಸರದಿ ಖಾಲಿ ಇದೆಯಾ ನೋಡಿ, ಮೇಲ್‌ಕ್ಯೂ ಅನ್ನೋ ಕಮಾಂಡ್ ತೋರಿಸುತ್ತೆ. ಉಳಿದಿರೋ ಪತ್ರ ಹೊಸಬನ ಕೈಗೆ ತಾನಾಗಿ ಹೋಗಲ್ಲ. ಎರಡನೇದು, ಡೆಬಿಯನ್‌ನಲ್ಲಿ ಪೋಸ್ಟ್‌ಫಿಕ್ಸ್ ಹಾಕಿದರೆ ಎಕ್ಸಿಮ್ ತಾನೇ ಜಾಗ ಬಿಡುತ್ತೆ, ಇಬ್ಬರೂ ಒಟ್ಟಿಗೆ ಇರೋ ಹಾಗಿಲ್ಲ. ಮೂರನೇದು ತುಂಬಾ ಮುಖ್ಯ: ಹೊಸ ಸರ್ವರ್ ಆ ಯಂತ್ರದ ಒಳಗಿನ ಮಾತನ್ನು ಮಾತ್ರ ಕೇಳಬೇಕು. ಹೊರಗಿನವರಿಗೆಲ್ಲ ಬಾಗಿಲು ತೆರೆದು, ಯಾರು ಏನು ಕೊಟ್ಟರೂ ಸಾಗಿಸೋ ಹಾಗೆ ಬಿಟ್ಟರೆ ಸ್ಪ್ಯಾಮ್ ಕಳಿಸೋರು ಹುಡುಕಿಕೊಂಡು ಬರ್ತಾರೆ.

ನಾಲ್ಕನೇದು, ಮನೆ ಇಂಟರ್ನೆಟ್ಟಿನಿಂದ ನೇರವಾಗಿ ಜಗತ್ತಿಗೆ ಪತ್ರ ಕಳಿಸೋಕೆ ಹೋಗಬೇಡಿ. 25ನೇ ಪೋರ್ಟನ್ನು ಎಷ್ಟೋ ಕಂಪನಿಗಳು ಮುಚ್ಚಿರ್ತವೆ. ಜೊತೆಗೆ 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಗುರುತಿಲ್ಲದ ಕಳಿಸುವವರ ಮೇಲೆ ನಿಯಮ ಬಿಗಿ ಮಾಡಿವೆ. ಹಾಗಾಗಿ ನಿಮ್ಮದೇ ಒಂದು ಮೇಲ್ ಖಾತೆಯ ಮೂಲಕ, 587ನೇ ಪೋರ್ಟಿನಲ್ಲಿ, ಆ ಕೆಲಸಕ್ಕೆ ಅಂತಲೇ ಪಡೆದ ಬೇರೆ ಪಾಸ್‌ವರ್ಡ್ ಕೊಟ್ಟು ಕಳಿಸಿ. ಕೊನೇದಾಗಿ, ರೂಟ್‌ಗೆ ಬರೋ ಪತ್ರ ಯಾರಿಗೆ ಹೋಗಬೇಕು ಅಂತ ಏಲಿಯಾಸಸ್ ಕಡತದಲ್ಲಿ ಬರೆಯಿರಿ. ನಲವತ್ತೊಂದು ಪತ್ರ ಕೊಳೆತಿದ್ದು ಈ ಒಂದು ಸಾಲು ಇಲ್ಲದೇ. ಬರೆದ ಮೇಲೆ ಒಂದು ಪತ್ರ ಕಳಿಸಿ, ಫೋನಿನಲ್ಲಿ ಕಣ್ಣಾರೆ ನೋಡಿ. ನೋಡೋ ತನಕ ಕೆಲಸ ಮುಗಿದಿಲ್ಲ.

ಹೊಸ ತಂತ್ರಾಂಶದಿಂದ ನಮ್ಮ ಭಾಷೆಗೂ ಒಂದು ಲಾಭ ಇದೆ. ಮೇಲ್ ವಿಳಾಸವನ್ನೇ ಕನ್ನಡ ಲಿಪಿಯಲ್ಲಿ ಇಟ್ಟುಕೊಳ್ಳೋಕೆ ಬೇಕಾದ ಮಾನದಂಡ 2012ರಲ್ಲೇ ಬಂತು. ಕನ್ನಡದಲ್ಲಿ ಡಾಟ್ ಭಾರತ ಅನ್ನೋ ಡೊಮೈನ್ ಕೂಡ ಇದೆ. ಪೋಸ್ಟ್‌ಫಿಕ್ಸ್‌ಗೆ ಆ ವಿಳಾಸ ಅರ್ಥ ಆಗೋಕೆ ಶುರುವಾಗಿದ್ದು 2015ರ 3.0 ಆವೃತ್ತಿಯಿಂದ. ಆದರೆ ದಾರಿಯಲ್ಲಿ ಸಿಗೋ ಪ್ರತಿ ಸರ್ವರ್ರಿಗೂ ಅದು ಗೊತ್ತಿರಬೇಕು. ಒಂದು ಹಳೇ ಸರ್ವರ್ ಸಾಕು, ಕನ್ನಡದ ವಿಳಾಸ ಅಲ್ಲೇ ವಾಪಸ್.

ನೀವು ಕೇಳಬಹುದು, "ನನ್ನ ಹತ್ರ ಇರೋದು ಒಂದು ಫೋನ್, ನನಗ್ಯಾಕೆ ಇದು?" ಫೋನಿನಲ್ಲೂ ಇದೇ ಕಥೆ. ಖಾತೆ ವಾಪಸ್ ಪಡೆಯೋಕೆ ಅಂತ ಕೊಟ್ಟ ಮೇಲ್ ಯಾವುದು? ಕಾಲೇಜಿಗೆ ಸೇರುವಾಗ ಸೈಬರ್ ಸೆಂಟರಿನವರು ಮಾಡಿಕೊಟ್ಟಿದ್ದಾ? ಅದರ ಪಾಸ್‌ವರ್ಡ್ ನೆನಪಿದೆಯಾ? ಫೋಟೋ ಬ್ಯಾಕಪ್ ನಿಂತು ಎಷ್ಟು ದಿನ ಆಯ್ತು? ಫೋನ್ ಹೇಳಿರುತ್ತೆ, ನಾವು ಬೆರಳಲ್ಲಿ ಸರಿಸಿ ಹಾಕಿರ್ತೀವಿ. ಇವತ್ತು ರಾತ್ರಿ ಅದೊಂದನ್ನು ನೋಡಿ.

ಈಗ ಆ ಕಚೇರಿಯ ಕಂಪ್ಯೂಟರ್ ವಾರಕ್ಕೊಂದು ಪತ್ರ ಕಳಿಸುತ್ತೆ: "ನಾನು ಚೆನ್ನಾಗಿದೀನಿ." ನನಗೊಂದು, ಅಕ್ಕನಿಗೊಂದು. ಹೋದ ಆಷಾಢದಲ್ಲಿ ಒಂದು ಸೋಮವಾರ ಪತ್ರ ಬರಲಿಲ್ಲ. ನಾನು ಗಾಬರಿಯಾಗಿ ಫೋನ್ ಹಿಡಿಯೋ ಅಷ್ಟರಲ್ಲಿ ಅಕ್ಕನೇ ಮಾಡಿದರು. "ತಮ್ಮಾ, ಗಡಿಬಿಡಿ ಮಾಡ್ಕೋಬೇಡ. ಮರ ಬಿದ್ದು ಲೈನ್ ಹೋಗಿದೆ." ಬುಧವಾರ ಲೈನ್ ಬಂತು, ಸೋಮವಾರದ ಪತ್ರವೂ ಬಂತು. ಅಕ್ಕ ಮಾತ್ರ ಚೀಟಿಗಳನ್ನು ತಂತಿಗೆ ಪೋಣಿಸೋದು ಬಿಟ್ಟಿಲ್ಲ. ಬಿಡಿ ಅಂತ ನಾನೂ ಹೇಳಿಲ್ಲ.

ಇವತ್ತಿಗೆ ಇಷ್ಟು. ಕರೆಂಟು ಹೋಗೋ ಮೊದಲು ಇದನ್ನು ಅಪ್‌ಲೋಡ್ ಮಾಡ್ತೀನಿ. ಮುಂದಿನ ವಾರ ಸಿಗೋಣ, ನಮಸ್ಕಾರ.