ಅವಮಾನ ಉಂಡ ಮೈ

(ಸೊಕ್ಕೆಯಲ್ಲಿ ಹಾಸ್ಟೆಲ್ ಹುಡುಗ ಹುಡುಗಿಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ)



ಮನಸ್ಸಿನ ನೆಮ್ಮದಿಗೂ ಮೈಯ ಆರೋಗ್ಯಕ್ಕೂ ಏನು ಸಂಬಂಧ ಅನ್ನೋದರ ಬಗ್ಗೆ ನಾಲ್ಕು ಮಾತಾಡಿ ಅಂತ ನಮ್ಮನ್ನು ಕರೆದಿದ್ದೀರಿ. ನಾವು ಡಾಕ್ಟರಲ್ಲ. ಬಿ.ಎ. ಓದಿ, ಪದ್ಯ ಬರೆದುಕೊಂಡು ಓಡಾಡೋರು. ಆದರೂ ಒಪ್ಪಿಕೊಂಡು ಬಂದೆವು. ಯಾಕೆಂದರೆ ಇದು ಡಾಕ್ಟರ ಕೋಣೆಯೊಳಗೆ ಮಾತ್ರ ಇರೋ ವಿಷಯ ಅಲ್ಲ. ಈ ಸೊಕ್ಕೆಯಿಂದ ಜಗಳೂರಿಗೆ, ಜಗಳೂರಿಂದ ದಾವಣಗೆರೆಗೆ ಟ್ರಂಕು ಹೊತ್ತು ಓದೋಕೆ ಹೋಗುವ ಪ್ರತಿಯೊಬ್ಬರ ಹೊಟ್ಟೆ, ತಲೆ, ನಿದ್ದೆಗೆ ಸೇರಿದ ವಿಷಯ.

ಮೊದಲು ನಮ್ಮ ಅವ್ವಂದಿರ ಮಾತನ್ನೇ ಕೇಳೋಣ. ಮಗ ಹೇಳದೆ ಕೇಳದೆ ಊರು ಬಿಟ್ಟರೆ 'ಕರುಳು ಕಿತ್ತು ಬಂತು' ಅಂತಾರೆ. ಸಾಲ ಕೊಟ್ಟವನು ಬಾಗಿಲಿಗೆ ಬಂದರೆ 'ಎದೆ ಧಸಕ್ ಅಂತು' ಅಂತಾರೆ. ಕೆಟ್ಟ ಸುದ್ದಿ ಬಂದರೆ 'ಕೈಕಾಲೇ ಬಿದ್ದುಹೋದವು' ಅಂತಾರೆ. ಸಂಕಟ ಅನ್ನೋ ಒಂದೇ ಪದ ವಾಂತಿ ಬರೋ ಹೊಟ್ಟೆಗೂ ಆಗುತ್ತೆ, ದುಃಖ ತುಂಬಿದ ಎದೆಗೂ ಆಗುತ್ತೆ. ಚಿತೆ ಸತ್ತವರನ್ನು ಸುಡುತ್ತೆ, ಚಿಂತೆ ಬದುಕಿರೋರನ್ನು ಸುಡುತ್ತೆ ಅಂತ ಅಕ್ಷರ ಕಲಿಯದ ನಮ್ಮ ಅಜ್ಜಿಯರಿಗೂ ಗೊತ್ತು. ಮೈ ದುಡಿಸಿ ಬದುಕಿದ ಜನಕ್ಕೆ ಮೈ ಬೇರೆ ಮನಸ್ಸು ಬೇರೆ ಅನ್ನೋ ಭ್ರಮೆ ಎಂದೂ ಇರಲಿಲ್ಲ.

ಈ ಎರಡನ್ನೂ ಬೇರೆ ಮಾಡಿದವರು ಯಾರು? ಹೊಲಕ್ಕೆ ಇಳಿಯದವರು. ಆತ್ಮ ಶುದ್ಧ, ಮೈ ಹೊಲಸು ಅಂದರು. ಆಮೇಲೆ ಎಲ್ಲರ ಮೈ ಬಿಟ್ಟು ನಮ್ಮ ಮೈಯೊಂದನ್ನೇ ಹೊಲಸು ಅಂದರು. ಮುಟ್ಟಬೇಡ, ಹತ್ತಿರ ಬರಬೇಡ, ಬಾವಿಗೆ ಇಳಿಯಬೇಡ. ಹೇಳಿದ್ದು ಮೈಗೆ, ಗಾಯ ಆಗಿದ್ದು ಮನಸ್ಸಿಗೆ. ಆ ಗಾಯ ಮತ್ತೆ ಮೈಗೇ ಹೇಗೆ ಇಳಿಯುತ್ತೆ ಅನ್ನೋದನ್ನು ಇವತ್ತು ವಿಜ್ಞಾನ ಹೇಳುತ್ತಿದೆ.

ಗೂಳಿಯೊಂದು ನುಗ್ಗಿ ಬರುತ್ತಿದೆ ಅಂತ ಇಟ್ಟುಕೊಳ್ಳಿ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ ಸಣ್ಣ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆ ಹೊಡೆದುಕೊಳ್ಳುತ್ತೆ, ರಕ್ತದ ಒತ್ತಡ ಏರುತ್ತೆ, ರಕ್ತದಲ್ಲಿ ಸಕ್ಕರೆ ಏರುತ್ತೆ, ಹೊಟ್ಟೆಯ ಕೆಲಸ ನಿಧಾನ ಆಗುತ್ತೆ. ಒಂದೋ ಹೊಡೆದಾಡು, ಇಲ್ಲ ಓಡು. ಅಮೆರಿಕದ ವಾಲ್ಟರ್ ಕ್ಯಾನನ್ ಇದನ್ನು 1915ರಲ್ಲೇ ವಿವರಿಸಿ ಬರೆದ. ಗೂಳಿ ಹೋಯಿತು, ಮೈ ತಣ್ಣಗಾಯಿತು. ಇದು ಜೀವ ಉಳಿಸೋ ಏರ್ಪಾಡು. ಇದರಲ್ಲಿ ತಪ್ಪಿಲ್ಲ.

ಆದರೆ ಗೂಳಿ ಹೋಗದೇ ಇದ್ದರೆ? ದಿನಾ ಬೆಳಿಗ್ಗೆ ಕ್ಲಾಸಿನಲ್ಲೇ ಕೂತಿದ್ದರೆ? ಸ್ಕಾಲರ್‌ಶಿಪ್ ಬಂದವರು ಎದ್ದು ನಿಲ್ಲಿ ಅಂತ ಕೂಗಿದಾಗ, 'ನಿಮಗೇನಪ್ಪಾ, ಎಲ್ಲ ಪುಕ್ಕಟೆ' ಅಂತ ಪಕ್ಕದವನು ನಕ್ಕಾಗ, ಬಾಡಿಗೆ ಮನೆ ಕೇಳಲು ಹೋದಾಗ 'ನೀವು ಯಾವ ಪೈಕಿ?' ಅಂದಾಗ, ಹೊಡೆದಾಡೋ ಹಾಗೂ ಇಲ್ಲ, ಓಡೋ ಹಾಗೂ ಇಲ್ಲ. ನುಂಗಿಕೊಂಡು ಕೂರಬೇಕು. ಮೈ ಮಾತ್ರ ಗೂಳಿ ಎದುರಿಗೇ ಇದೆ ಅಂತ ರಸ ಬಿಡುತ್ತಲೇ ಇರುತ್ತೆ. ಹೀಗೆ ವರ್ಷಗಟ್ಟಲೆ ನಡೆದರೆ ಏರಿದ ರಕ್ತದ ಒತ್ತಡ ಏರಿಯೇ ಉಳಿಯಬಹುದು, ನಿದ್ದೆ ಕೆಡುತ್ತೆ, ರೋಗ ತಡೆಯೋ ಶಕ್ತಿ ಸೊರಗುತ್ತೆ.

ಇದಕ್ಕೆ ಸಾಕ್ಷಿ ಉಂಟಾ ಅಂತ ಕೇಳಬಹುದು. ಕೇಳಲೇಬೇಕು. ಅಮೆರಿಕದಲ್ಲಿ ಹಲ್ಲಿನ ಡಾಕ್ಟರಿಕೆ ಓದುತ್ತಿದ್ದ 11 ಮಂದಿ ವಿದ್ಯಾರ್ಥಿಗಳ ಬಾಯಂಗಳದಲ್ಲಿ ಅವರ ಒಪ್ಪಿಗೆ ಪಡೆದು ಚಿಕ್ಕ ಗಾಯ ಮಾಡಿದರು. ಒಂದು ಸಲ ರಜೆಯಲ್ಲಿ, ಇನ್ನೊಂದು ಸಲ ಪರೀಕ್ಷೆಯ ಹೊತ್ತಲ್ಲಿ. ಪರೀಕ್ಷೆಯ ಹೊತ್ತಿನ ಗಾಯ ಮಾಯಲು ಸರಾಸರಿ ಮೂರು ದಿನ ಹೆಚ್ಚು ಹಿಡಿಯಿತು. ಹನ್ನೊಂದರಲ್ಲಿ ಒಬ್ಬರಿಗೂ ರಜೆಯಲ್ಲಿ ಮಾದಷ್ಟು ಬೇಗ ಮಾಯಲಿಲ್ಲ. ಇದು ಪ್ರಕಟವಾದದ್ದು 1998ರಲ್ಲಿ. ಹೊಟ್ಟೆ ತುಂಬಿದ ಹುಡುಗರು, ಬರೀ ಪರೀಕ್ಷೆಯ ಚಿಂತೆ. ಪರೀಕ್ಷೆಯ ಜೊತೆಗೆ ಮನೆಯ ಸಾಲ, ಅಪ್ಪನ ಕೂಲಿ, ಜಾತಿಯ ಕಣ್ಣು ಇವೆಲ್ಲ ಸೇರಿದರೆ ಲೆಕ್ಕ ನೀವೇ ಹಾಕಿ.

ಇಂಗ್ಲೆಂಡಿನಲ್ಲಿ 1967ರಿಂದ ಸರ್ಕಾರಿ ಕಚೇರಿಗಳ ಸುಮಾರು ಹದಿನೆಂಟು ಸಾವಿರ ಗಂಡಸು ನೌಕರರ ಆರೋಗ್ಯವನ್ನು ವರ್ಷಗಟ್ಟಲೆ ನೋಡಿದರು. ಇವರಲ್ಲಿ ನಿರುದ್ಯೋಗಿಗಳಿಲ್ಲ, ಉಪವಾಸ ಇದ್ದವರಿಲ್ಲ. ಆಸ್ಪತ್ರೆ ಎಲ್ಲರಿಗೂ ಉಚಿತ. ಆದರೂ ಬಾಗಿಲು ಕಾಯೋ, ಫೈಲು ಹೊರೋ ಜವಾನನಿಗೆ ಹೃದಯದ ಕಾಯಿಲೆಯಿಂದ ಸಾವು ಮೇಲಿನ ಸಾಹೇಬನಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಬೀಡಿ ಸಿಗರೇಟು, ಬೊಜ್ಜು, ರಕ್ತದೊತ್ತಡ ಎಲ್ಲ ಲೆಕ್ಕಕ್ಕೆ ಹಿಡಿದರೂ ಅಂತರ ಪೂರ್ತಿ ತುಂಬಲಿಲ್ಲ. ಉಳಿದದ್ದರಲ್ಲಿ ತನ್ನ ಕೆಲಸದ ಮೇಲೆ ತನಗೇ ಅಧಿಕಾರ ಇಲ್ಲದಿರೋದೂ ಒಂದು ಕಾರಣ ಅಂತ ಆಮೇಲಿನ ಅಧ್ಯಯನಗಳು ಹೇಳಿದವು. ಜಾತಿ ಇಲ್ಲದ ದೇಶದಲ್ಲೇ ಮೆಟ್ಟಿಲು ಹೀಗೆ ಕೊಲ್ಲುತ್ತೆ. ಮೆಟ್ಟಿಲುಗಳ ಮೇಲೆಯೇ ಕಟ್ಟಿರುವ ನಮ್ಮ ಸಮಾಜದಲ್ಲಿ?

ವಿಶ್ವಸಂಸ್ಥೆಯ ಮಹಿಳಾ ವಿಭಾಗ 2018ರ ವರದಿಯಲ್ಲಿ ಹೇಳಿತು: ಭಾರತದಲ್ಲಿ ದಲಿತ ಹೆಂಗಸು ಸಾಯುವ ಸರಾಸರಿ ವಯಸ್ಸು ಮೇಲ್ಜಾತಿ ಹೆಂಗಸಿಗಿಂತ 14.6 ವರ್ಷ ಕಡಿಮೆ. ಇಷ್ಟೂ ವರ್ಷ ಅವಮಾನವೊಂದೇ ತಿಂದಿತು ಅಂತ ನಾವು ಹೇಳಲ್ಲ. ಹಸಿವು ತಿಂದಿತು, ಹೆರಿಗೆ ತಿಂದಿತು, ಕೊಳಕು ನೀರು ತಿಂದಿತು, ದೂರದ ಆಸ್ಪತ್ರೆ ತಿಂದಿತು. ಆದರೆ ಇವುಗಳ ಬೆನ್ನ ಹಿಂದೆಯೆಲ್ಲ ಅವಮಾನ ನಿಂತಿದೆ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಕಾಠಿಯಾವಾಡದ ಒಬ್ಬ ದಲಿತ ಮೇಷ್ಟ್ರ ಕತೆ ಎತ್ತಿ ಹೇಳಿದ್ದಾರೆ. ಆ ಮೇಷ್ಟ್ರ ಕಾಗದ 1929ರ ಡಿಸೆಂಬರಿನಲ್ಲಿ ಗಾಂಧೀಜಿಯ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿತ್ತು. ಹೆಂಡತಿ ಹಸಿ ಬಾಣಂತಿ, ಜ್ವರ. ಡಾಕ್ಟರು ಕೇರಿಯೊಳಗೆ ಬರೋಲ್ಲ ಅಂದ. ಬಾಣಂತಿಯನ್ನೇ ಹೊರಗೆ ತರಿಸಿದ. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ. ಅವನು ಗಂಡನಿಗೆ, ಗಂಡ ಹೆಂಡತಿಗೆ. ಮತ್ತೆ ಅದೇ ದಾರಿಯಲ್ಲಿ ವಾಪಸು. ಮುಟ್ಟದೆಯೇ ನ್ಯುಮೋನಿಯಾ ಅಂದ. ಆಕೆ ಉಳಿಯಲಿಲ್ಲ. ಜಾತಿ ಮೈಯನ್ನು ಕೊಲ್ಲೋಕೆ ಕತ್ತಿಯೇ ಬೇಕು ಅಂತಿಲ್ಲ. ಕೈ ಹಿಂದೆ ಎಳೆದುಕೊಂಡರೂ ಸಾಕು. ಮತ್ತು ಒಂದು ಸಲ ಹಾಗೆ ಕೈ ಎಳೆದುಕೊಂಡದ್ದನ್ನು ಕಂಡವರು ಮುಂದಿನ ಸಲ ಜ್ವರ ಬಂದಾಗ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ. ಕಾಯಿಲೆ ಬಲಿಯೋದು ಆ ಹಿಂಜರಿಕೆಯ ದಿನಗಳಲ್ಲಿ.

ಮೆದುಳೂ ಮೈಯ ಭಾಗವೇ ಅಲ್ಲವೇ? ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮೇಲ್ಜಾತಿಯ 321, ಕೆಳಜಾತಿಯ 321 ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕೋ ಒಗಟು ಕೊಟ್ಟರು. ಜಾತಿ ಹೇಳದೆ ಕೊಟ್ಟಾಗ ಎರಡೂ ಕಡೆಯವರು ಹೆಚ್ಚುಕಡಿಮೆ ಒಂದೇ ಸಮ ಬಿಡಿಸಿದರು. ಎಲ್ಲರ ಮುಂದೆ ಹೆಸರು, ಜಾತಿ ಕೂಗಿ ಕೊಟ್ಟಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟು ಕಾಲು ಭಾಗದ ಹತ್ತಿರಹತ್ತಿರ ಕಡಿಮೆ ಆಯಿತು. ಹುಡುಗರು ಅಂಥವರೇ, ಬುದ್ಧಿ ಅಂಥದ್ದೇ. ಕೂಗಿದ್ದು ಮಾತ್ರ ಹೊಸದು. ಮೆರಿಟ್ಟು ಮೆರಿಟ್ಟು ಅಂತ ಬಾಯಿ ಬಡಿದುಕೊಳ್ಳೋರಿಗೆ ಇದನ್ನು ಹೇಳಿ.

ಇಲ್ಲಿ ಒಂದು ಎಚ್ಚರಿಕೆ. ಎಲ್ಲ ಮನಸ್ಸಿನಲ್ಲೇ ಇದೆ, ಮನಸ್ಸು ಗಟ್ಟಿ ಮಾಡ್ಕೋ, ಧ್ಯಾನ ಮಾಡು, ನಗುನಗುತಾ ಇರು ಅಂತ ಉಪದೇಶ ಮಾಡೋರು ಬರ್ತಾರೆ. ಹಸಿದವನಿಗೆ ನಗು ಅನ್ನೋದು ವೈದ್ಯ ಅಲ್ಲ, ಮೋಸ. ರಕ್ತ ಕಡಿಮೆ ಇರೋ ಹುಡುಗಿಗೆ ಬೇಕಾದ್ದು ಕಬ್ಬಿಣದ ಮಾತ್ರೆ, ಸೊಪ್ಪು, ಕಾಳು, ಮೊಟ್ಟೆ, ಮಾಂಸ. ಕ್ಷಯಕ್ಕೆ ಬೇಕಾದ್ದು ತಿಂಗಳುಗಟ್ಟಲೆ ತಪ್ಪದೆ ನುಂಗೋ ಮಾತ್ರೆ. ನಮ್ಮ ಜಗಳೂರು ಸೀಮೆಯಲ್ಲಿ ಫ್ಲೋರೈಡ್ ಹೆಚ್ಚಿರೋ ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದಾಗೋದು, ಕೀಲು ಬಿಗಿಯೋದು ಮನಸ್ಸಿಂದ ಬಂದದ್ದಲ್ಲ. ತುಂಗಭದ್ರೆಯಿಂದ 57 ಕೆರೆ ತುಂಬಿಸಿ ಅಂತ ಈ ತಾಲ್ಲೂಕಿನ ಜನ ವರ್ಷಗಟ್ಟಲೆ ಕೂಗಿದ್ದು ಸುಮ್ಮನೆ ಅಲ್ಲ. ಆದರೆ ನೋಡಿ, ಹಲ್ಲು ಕಂದಾದ ಹುಡುಗಿ ನಗುವಾಗ ಕೈ ಅಡ್ಡ ಹಿಡಿಯುತ್ತಾಳೆ. ಆಮೇಲೆ ನಗೋದನ್ನೇ ಬಿಡುತ್ತಾಳೆ. ಕ್ಷಯ ಬಂದವನು ಜನ ದೂರ ಇಡ್ತಾರೆ ಅಂತ ಮಾತ್ರೆಯನ್ನೇ ಬಚ್ಚಿಡುತ್ತಾನೆ. ಹೀಗೆ ಮೈಯಿಂದ ಮನಸ್ಸಿಗೆ, ಮನಸ್ಸಿಂದ ಮೈಗೆ ದಾರಿ ಎರಡೂ ಕಡೆ ತೆರೆದಿದೆ. ಮದ್ದೂ ಎರಡೂ ಕಡೆಯಿಂದ ಬರಬೇಕು.

ಕೂಲಿ ಮುಗಿಸಿ ಬಂದ ಅಪ್ಪಂದಿರು ಬೆನ್ನು ನೋವಿಗೂ ಗೌಡನ ಬೈಗಳಕ್ಕೂ ಒಂದೇ ಮದ್ದು ಅಂತ ಸಾರಾಯಿಗೆ ಹೋದರು. ಅವರನ್ನು ಬೈದು ಪ್ರಯೋಜನ ಇಲ್ಲ. ಆದರೆ ಆ ಮದ್ದು ಲಿವರನ್ನೂ ತಿಂದಿತು, ಅವ್ವನ ಬೆನ್ನನ್ನೂ ಮುರಿಯಿತು. ಹಾಸ್ಟೆಲ್ಲಿನ ನಮಗೆ ಆ ದಾರಿ ಬೇಡ.

ಹಾಗಾದರೆ ಯಾವ ದಾರಿ? ಪಕ್ಕದಲ್ಲೇ ಒಂದು ಉದಾಹರಣೆ ಇದೆ. ನಮ್ಮ ತಾಲ್ಲೂಕಿನ ಗಡಿ ದಾಟಿದರೆ ಕೂಡ್ಲಿಗಿ. ಈಗ ಅದು ವಿಜಯನಗರ ಜಿಲ್ಲೆ, ಆಗ ಬಳ್ಳಾರಿ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರಾಜ್ಯದ ಆರೋಗ್ಯ ಇಲಾಖೆಯ ಜೊತೆ ಸೇರಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಕೆಲಸ ಶುರು ಮಾಡಿತು. ಮನಸ್ಸಿನ ಕಾಯಿಲೆಗೆ ಹುಚ್ಚಾಸ್ಪತ್ರೆಯೇ ಗತಿ ಅನ್ನೋ ಕಾಲ ಅದು. ದೆವ್ವ ಹಿಡಿದಿದೆ ಅಂತ ಕಟ್ಟಿಹಾಕೋ ಕಾಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೆ, ಮನೆಮನೆ ತಿರುಗೋ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಕೆಲವೇ ಅಗತ್ಯದ ಮಾತ್ರೆಗಳನ್ನು ಹಳ್ಳಿಯ ಕೇಂದ್ರದಲ್ಲೇ ಸಿಗೋ ಹಾಗೆ ಮಾಡಿದರು. ಮಂಕು ಬಡಿದು ಕೂತವರಿಗೆ, ಮೂರ್ಛೆ ಬರೋರಿಗೆ ಜ್ವರಕ್ಕೆ ಮದ್ದು ಕೊಡೋ ಅದೇ ಕಿಟಕಿಯಲ್ಲೇ ಮದ್ದು ಕೊಡಬಹುದು ಅಂತ ತೋರಿಸಿದರು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ ಮಾದರಿ ಆದದ್ದು ಈ ಬಳ್ಳಾರಿಯೇ. ನಮ್ಮ ಬಯಲುಸೀಮೆ ದೇಶಕ್ಕೆ ಪಾಠ ಹೇಳಿದೆ.

2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಅಂತ ಬರೆದಿದೆ. ಜಾತಿಯ ಕಾರಣಕ್ಕೆ ಭೇದ ಮಾಡಬಾರದು ಅಂತಲೂ ಬರೆದಿದೆ. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೆ ಹೋಗಿ ಮನಸ್ಸಿನ ಡಾಕ್ಟರು ಬೇಕು ಅಂತ ಕೇಳೋದು ಭಿಕ್ಷೆ ಅಲ್ಲ. 2022ರ ಅಕ್ಟೋಬರಿನಲ್ಲಿ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಅನ್ನೋ ಫೋನು ಇದೆ. ನಂಬರು 14416. ದುಡ್ಡಿಲ್ಲ, ಹಗಲು ರಾತ್ರಿ ಅಂತಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಕಾಯಬೇಡಿ. ಬದುಕೇ ಬೇಡ ಅನ್ನಿಸಿದರೆ ಎರಡು ನಿಮಿಷವೂ ಕಾಯಬೇಡಿ. ಗೆಳೆಯನನ್ನು ಎಬ್ಬಿಸಿ, ಫೋನು ಮಾಡಿ. 2016ರ ಜನವರಿಯಲ್ಲಿ ಹೈದರಾಬಾದಿನ ರೋಹಿತ್ ವೇಮುಲನನ್ನು ಕಳೆದುಕೊಂಡೆವು. ಇನ್ನೊಬ್ಬರನ್ನು ಕಳೆದುಕೊಳ್ಳೋಕೆ ನಾವು ತಯಾರಿಲ್ಲ.

ಕೊನೆಗೆ ಒಂದು ಮದ್ದು. ಇದಕ್ಕೆ ಚೀಟಿ ಬೇಕಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಅಲಮೀಡಾ ಅನ್ನೋ ಕಡೆ ಸುಮಾರು ಏಳು ಸಾವಿರ ಜನರನ್ನು ಒಂಬತ್ತು ವರ್ಷ ಗಮನಿಸಿ 1979ರಲ್ಲಿ ಲೆಕ್ಕ ಕೊಟ್ಟರು. ನಂಟರು, ಗೆಳೆಯರು, ಸಂಘ ಅಂತ ಯಾರೂ ಹೆಚ್ಚು ಇಲ್ಲದವರಲ್ಲಿ ಸಾವು ಒಡನಾಟ ಇದ್ದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಒಂಟಿತನ ಮೈಯನ್ನು ತಿನ್ನುತ್ತೆ. ಸಂಘ ಮೈಯನ್ನು ಕಾಯುತ್ತೆ. ಸಂಘಟಿತರಾಗಿ ಅಂತ ಬಾಬಾಸಾಹೇಬರು ಹೇಳಿದ ಮಾತನ್ನು ನಾವು ರಾಜಕೀಯದ ಮಾತು ಅಂತ ಮಾತ್ರ ತಿಳಿದಿದ್ದೇವೆ. ಅದು ಆರೋಗ್ಯದ ಮಾತೂ ಹೌದು. ಅವಮಾನವನ್ನು ಒಬ್ಬನೇ ನುಂಗಿದರೆ ಹೊಟ್ಟೆಹುಣ್ಣಿಗೆ ಉಪ್ಪು ಸವರಿದ ಹಾಗೆ. ಹತ್ತು ಜನ ಕೂತು ಹೇಳಿಕೊಂಡರೆ ಅದು ಅರ್ಜಿ ಆಗುತ್ತೆ, ದೂರು ಆಗುತ್ತೆ, ಹೋರಾಟ ಆಗುತ್ತೆ, ಹಾಡೂ ಆಗುತ್ತೆ.

ಅದಕ್ಕೇ ಕೇಳಿಕೊಳ್ಳೋದು ಇಷ್ಟು. ಹಾಸ್ಟೆಲ್ಲಿನ ಸಾರು ನೀರಾಗಿದ್ದರೆ ಒಬ್ಬೊಬ್ಬರೇ ಗೊಣಗಬೇಡಿ, ಎಲ್ಲರೂ ಸಹಿ ಹಾಕಿ ಬರೆದುಕೊಡಿ. ಹೊಟ್ಟೆನೋವು ಅಂದವನನ್ನು ನಾಟಕ ಅನ್ನಬೇಡಿ. ನೋವು ಮನಸ್ಸಿಂದ ಹುಟ್ಟಿದ್ದರೂ ನೋಯೋದು ನಿಜವಾದ ಹೊಟ್ಟೆಯೇ. ಹೊಸದಾಗಿ ಸೇರಿದ ಹುಡುಗ ಹುಡುಗಿಯರ ಪಕ್ಕ ಕೂತು ಉಣ್ಣಿ. ಇವತ್ತು ರಾತ್ರಿ ಹಾಸ್ಟೆಲ್ಲಿಗೆ ಹೋದ ಮೇಲೆ, ಊಟದ ಸಾಲಿಗೆ ಬಾರದೆ ರೂಮಿನಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿರೋರು ಯಾರಾದರೂ ಇದ್ದಾರಾ ಅಂತ ನೋಡಿ. ಇದ್ದರೆ ತಟ್ಟೆ ಅಲ್ಲಿಗೇ ಒಯ್ಯಿರಿ. ಏನಾಯ್ತು ತಮ್ಮಾ, ಏನಾಯ್ತು ತಂಗೀ ಅಂತ ಕೇಳಿ. ಅವರು ಹೇಳೋವರೆಗೂ ಕೂತಿರಿ.

ಜೈ ಭೀಮ್.