ಮನೋರೋಗಕ್ಕೂ ವ್ಯಸನಕ್ಕೂ ವಿಮೆಯ ಸಮಾನ ಆಶ್ರಯ

(ಮಾದಾಪುರದಲ್ಲಿ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ದೇಹಕ್ಕೆ ರೋಗ ಬಂದರೆ ಊರೆಲ್ಲ ಕೂಡಿ ಮರುಗುವುದೂ, ಮನಸ್ಸಿಗೆ ರೋಗ ಬಂದರೆ ಮನೆಯವರು ಮಾತ್ರ ಬಾಗಿಲು ಮುಚ್ಚಿಕೊಂಡು ಮರುಗುವುದೂ ಲೋಕದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿಯಾಗಿರುತ್ತದೆ. ಈ ಮಾದಾಪುರದ ಸುತ್ತಿನ ಯಾವುದಾದರೊಂದು ಕಾಫಿತೋಟದ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರಿರುವರೆಂದು ಭಾವಿಸಬಹುದು. ಇಬ್ಬರಿಗೂ ಒಂದೇ ಬಗೆಯ ಆರೋಗ್ಯವಿಮೆ. ವರ್ಷವರ್ಷವೂ ಕಟ್ಟುವ ಕಂತೂ ಒಂದೇ. ಅಣ್ಣನಿಗೆ ಎದೆನೋವು ಬಂದು ಮೈಸೂರಿನ ಆಸ್ಪತ್ರೆಯಲ್ಲಿ ಹತ್ತು ದಿವಸ ಮಲಗಿ ಎದ್ದು ಬಂದರೆ, ವಿಮೆಯವರು ಲೆಕ್ಕ ನೋಡಿ ಹಣ ಸಲ್ಲಿಸುತ್ತಾರೆ. ತಮ್ಮನಿಗೆ ಕುಡಿತವು ಅಂಟಿಕೊಂಡು, ಬಿಡಬೇಕೆಂದು ತಾನೇ ಮನಸ್ಸು ಮಾಡಿ, ಅದೇ ಊರಿನ ಆಸ್ಪತ್ರೆಯಲ್ಲಿ ಅದೇ ಹತ್ತು ದಿವಸ ಮಲಗಿ ಎದ್ದು ಬಂದರೆ, ಇದು ಕರಾರಿನಲ್ಲಿ ಸೇರಿಲ್ಲವೆಂಬ ಒಂದು ಸಾಲಿನ ಉತ್ತರವು ಬರುತ್ತದೆ. ಆ ಒಂದು ಸಾಲು ನ್ಯಾಯವೇ, ಶಾಸನಸಮ್ಮತವೇ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯವು.

ಮೊದಲು ಶಾಸನದ ಮಾತು. ಮನೋರೋಗಿಗಳ ಬಗ್ಗೆ ಈ ದೇಶದಲ್ಲಿದ್ದ ಹಳೆಯ ಕಾಯಿದೆಗಳು ಎರಡು: ೧೯೧೨ನೆಯ ಇಸವಿಯದೊಂದು, ೧೯೮೭ನೆಯ ಇಸವಿಯದೊಂದು. ರೋಗಿಯನ್ನು ಎಲ್ಲಿ ಇಡಬೇಕು, ಯಾರ ಅಪ್ಪಣೆಯಿಂದ ಇಡಬೇಕು ಎಂಬುದೇ ಅವುಗಳ ಮುಖ್ಯ ಚಿಂತೆಯಾಗಿತ್ತು. ಚಿಕಿತ್ಸೆಯ ಖರ್ಚನ್ನು ವಿಮೆಯು ಹೊರಬೇಕೆಂಬ ಮಾತು ಅವುಗಳಲ್ಲಿ ಇರಲಿಲ್ಲ. ೨೦೧೭ನೆಯ ಇಸವಿಯಲ್ಲಿ ಸಂಸತ್ತು ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯನ್ನು ಮಾಡಿತು. ಅದು ೨೦೧೮ನೆಯ ಮೇ ೨೯ರಿಂದ ಜಾರಿಗೆ ಬಂದಿತು. ದೇಹದ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆಯನ್ನು ಕೊಡುತ್ತಾರೆಯೋ ಅದೇ ಆಧಾರದ ಮೇಲೆ ಮನಸ್ಸಿನ ಕಾಯಿಲೆಯ ಚಿಕಿತ್ಸೆಗೂ ಪ್ರತಿಯೊಬ್ಬ ವಿಮೆಗಾರನು ಏರ್ಪಾಟು ಮಾಡತಕ್ಕದ್ದೆಂದು ಅದರ ೨೧ನೆಯ ಕಲಮು ವಿಧಿಸುತ್ತದೆ. ಇನ್ನೂ ಗಮನಿಸತಕ್ಕ ಸಂಗತಿಯೊಂದುಂಟು. ಮನೋರೋಗವೆಂದರೇನೆಂದು ಹೇಳುವ ಕಲಮಿನಲ್ಲಿಯೇ, ಮದ್ಯ ಮತ್ತು ಮಾದಕವಸ್ತುಗಳ ದುರುಪಯೋಗಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಅದರಲ್ಲಿ ಸೇರಿವೆಯೆಂದು ಬರೆದಿದೆ. ಹೀಗಿರಲು, ಮೇಲೆ ಹೇಳಿದ ಅಣ್ಣನಿಗೂ ತಮ್ಮನಿಗೂ ಭೇದವನ್ನು ಕಾಯಿದೆಯು ಎಣಿಸಲಿಲ್ಲವೆಂಬುದು ಸ್ಪಷ್ಟವು.

ಕಾಯಿದೆಯ ಮಾತು ಕರಾರಿನ ಕಾಗದಕ್ಕೆ ಇಳಿಯುವುದು ಮಾತ್ರ ಸುಲಭವಾಗಲಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು ೨೦೧೮ನೆಯ ಆಗಸ್ಟಿನಲ್ಲಿಯೇ ವಿಮೆಗಾರರಿಗೆ ಸುತ್ತೋಲೆಯನ್ನು ಕಳುಹಿಸಿತು. ಪುನಃ ೨೦೨೨ನೆಯ ಅಕ್ಟೋಬರಿನಲ್ಲಿ, ಆ ತಿಂಗಳು ಮುಗಿಯುವುದರೊಳಗಾಗಿ ಕಾಯಿದೆಯಂತೆ ನಡೆಯತಕ್ಕದ್ದೆಂದು ಎಚ್ಚರಿಸಬೇಕಾಯಿತು. ನಾಲ್ಕು ವರ್ಷಗಳಲ್ಲಿ ಎರಡು ಸಲ ಹೇಳಿಸಿಕೊಂಡ ಮಾತು ಇದು! ಈ ನಡುವೆ ೨೦೨೧ರಲ್ಲಿ ದೆಹಲಿಯ ಉಚ್ಚನ್ಯಾಯಾಲಯದ ಮುಂದೆ ಬಂದ ಒಂದು ಮೊಕದ್ದಮೆಯಲ್ಲಿ, ಪಾಲಿಸಿಯ ಒಟ್ಟು ಮೊತ್ತವು ೩೫ ಲಕ್ಷ ರೂಪಾಯಿಯಾಗಿದ್ದು, ಮನೋರೋಗಕ್ಕೆ ಮಾತ್ರ ೫೦ ಸಾವಿರ ರೂಪಾಯಿಯ ಮಿತಿಯನ್ನು ಹಾಕಲಾಗಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ವಿಮೆಗಾರರ ಈ ಹೊಣೆಯು ಕಾಯಿದೆಯು ಜಾರಿಗೆ ಬಂದ ದಿನದಿಂದಲೇ ಉಂಟಾಗಿರುವುದೆಂದು ತೀರ್ಪಿತ್ತು, ರೋಗಿಗೆ ಹಣವನ್ನು ಕೊಡಿಸಿತು.

ಇಷ್ಟಾದರೂ ಕುಡಿತದವನ ಪಾಡು ಬೇರೆಯಾಗಿಯೇ ಉಳಿದಿದೆ. ಪಾಲಿಸಿಗಳಲ್ಲಿ ಯಾವುದನ್ನು ಹೊರಗಿಡಬಹುದು, ಯಾವುದನ್ನು ಹೊರಗಿಡಕೂಡದು ಎಂಬ ಬಗ್ಗೆ ಪ್ರಾಧಿಕಾರವು ೨೦೧೯ನೆಯ ಸೆಪ್ಟೆಂಬರಿನಲ್ಲಿ ಒಂದು ಮಾರ್ಗಸೂಚಿಯನ್ನು ಹೊರಡಿಸಿತು. ಮನೋರೋಗದ ಚಿಕಿತ್ಸೆಯನ್ನು ಹೊರಗಿಡಕೂಡದೆಂದು ಅದರ ಒಂದು ಭಾಗವು ಹೇಳಿತು. ಅದರ ಇನ್ನೊಂದು ಭಾಗದಲ್ಲಿ, ಮದ್ಯವ್ಯಸನ, ಮಾದಕವಸ್ತು, ಇತರ ಚಟ, ಮತ್ತು ಅವುಗಳ ಪರಿಣಾಮಗಳ ಚಿಕಿತ್ಸೆಯನ್ನು ಹೊರಗಿಡುವುದಾದರೆ ಹೀಗೆಂದು ಬರೆಯಬಹುದೆಂದು ವಾಕ್ಯವನ್ನೇ ಕೊಟ್ಟಿತು. ಆ ವಾಕ್ಯವು ೧೨ನೆಯ ಸಂಖ್ಯೆಯ ಹೊರತೆಂಬ ಗುರುತಿನೊಡನೆ ಇಂದಿಗೂ ಅನೇಕ ಪಾಲಿಸಿಗಳಲ್ಲಿ ಅಚ್ಚಾಗುತ್ತಲಿದೆ. ಕಾಯಿದೆಯು ಒಂದೇ ಮನೆಯ ಮಕ್ಕಳೆಂದು ಎಣಿಸಿದವರಲ್ಲಿ ಒಬ್ಬನಿಗೆ ಒಳಗೆ ಎಡೆ, ಇನ್ನೊಬ್ಬನಿಗೆ ಜಗಲಿಯ ಮೇಲೆ ಎಲೆ! ಅದರಲ್ಲಿಯೂ "ಅವುಗಳ ಪರಿಣಾಮಗಳು" ಎಂಬ ಪದವು ಬಹು ದೂರ ಚಾಚತಕ್ಕದ್ದು. ಕುಡಿತವನ್ನು ಬಿಟ್ಟು ವರ್ಷಗಳು ಕಳೆದ ಮೇಲೆ ಯಕೃತ್ತಿನ ರೋಗ ತೋರಿಬಂದರೂ, ಆ ಪದದ ನೆರಳು ಅಲ್ಲಿಯವರೆಗೆ ಬೀಳಬಹುದು. ಇನ್ನೊಂದು ಕಡೆ, ೨೦೧೮ರಲ್ಲಿ ಪ್ರಾರಂಭವಾಗಿ, ಬಡಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗಿನ ಒಳರೋಗಿ ಚಿಕಿತ್ಸೆಯನ್ನು ಒದಗಿಸುವ ಆಯುಷ್ಮಾನ್ ಭಾರತ ಯೋಜನೆಯ ಚಿಕಿತ್ಸಾಪಟ್ಟಿಯಲ್ಲಿ ಮಾದಕವಸ್ತುಗಳಿಂದಾದ ಮನೋವಿಕಾರಗಳೂ ಸೇರಿವೆ. ಸರಕಾರವು ಕಂತಿಲ್ಲದೆ ಕೊಡಲೊಪ್ಪಿದ್ದನ್ನು, ಕಂತು ಕಟ್ಟಿಸಿಕೊಂಡವರು ಕೊಡಲೊಲ್ಲೆವೆನ್ನುವುದು ವಿಚಿತ್ರವಲ್ಲವೇ?

ಇದಕ್ಕೆ ಹೇಳುವ ಸಮಾಧಾನವು ಪ್ರಸಿದ್ಧವಾದದ್ದು. ಅವನು ತಾನಾಗಿ ಕುಡಿದನು. ಅವನ ತಪ್ಪಿಗೆ ಇತರರ ಕಂತಿನ ಹಣವನ್ನೇಕೆ ತೆರಬೇಕು? ಈ ಪ್ರಶ್ನೆಯನ್ನು ವಿಮೆಯವರಿಗಿಂತ ಮೊದಲು ಕೇಳುವವರು ನೆರೆಹೊರೆಯವರೇ. ಆದರೆ ನಾಲಗೆಯ ಚಪಲದಿಂದ ಸಿಹಿಮೂತ್ರರೋಗವನ್ನು ಬರಿಸಿಕೊಂಡವನನ್ನು ಯಾರೂ ಹೀಗೆ ಕೇಳುವುದಿಲ್ಲ. ಮೊದಲ ಬಟ್ಟಲನ್ನು ಕುಡಿದವನು ತಾನಾಗಿಯೇ ಕುಡಿದನೆಂಬುದು ದಿಟ. ಹತ್ತು ವರ್ಷಗಳ ತರುವಾಯ, ಬೆಳಗ್ಗೆ ಎದ್ದೊಡನೆ ಕೈ ನಡುಗದಿರಲೆಂದು ಕುಡಿಯುವವನು ಅದೇ ಅರ್ಥದಲ್ಲಿ ತಾನಾಗಿ ಕುಡಿಯುತ್ತಾನೆಂದು ಹೇಳಲಾಗುವುದಿಲ್ಲ.

ಈ ಕೊನೆಯ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ಯಾತಕ್ಕೆಂದರೆ, ಮಠಗಳ ಭಕ್ತರಿಗೆ ಇದು ಪ್ರಾಣದ ಪ್ರಶ್ನೆಯಾಗಿರುತ್ತದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳವರು ೧೯೭೫ರಲ್ಲಿ ಜೋಳಿಗೆಯನ್ನು ಹೆಗಲಿಗೇರಿಸಿ ಮನೆಮನೆಗೆ ಹೋಗಿ, ಕಾಳುಕಡ್ಡಿಗಳನ್ನು ಬೇಡದೆ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಲಾರಂಭಿಸಿದ ಮಹಾಂತ ಜೋಳಿಗೆಯ ವೃತ್ತಾಂತವು ಸರ್ವವಿದಿತವು. ೨೦೧೮ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ ೧ ಕರ್ನಾಟಕದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲ್ಪಡುತ್ತಿದೆ. ಜೋಳಿಗೆಯಲ್ಲಿ ಚಟವನ್ನು ಹಾಕಿ ಪ್ರಮಾಣ ಮಾಡಿ ಮನೆಗೆ ಬಂದವನ ಮನಸ್ಸು ಶುದ್ಧವಾಗಿಯೇ ಇರುತ್ತದೆ. ದೇಹವು ಮಾತ್ರ ಅಷ್ಟು ಬೇಗ ಒಪ್ಪುವುದಿಲ್ಲ. ವರ್ಷಗಟ್ಟಲೆ ಹೆಚ್ಚಾಗಿ ಕುಡಿದವನು ಒಮ್ಮೆಗೇ ಬಿಟ್ಟರೆ, ಮೊದಲ ದಿನದಲ್ಲಿ ನಡುಕ, ಬೆವರು, ನಿದ್ರಾನಾಶ. ಮೊದಲೆರಡು ದಿವಸಗಳೊಳಗೆ ಕೆಲವರು ಅಪಸ್ಮಾರ ಬಂದವರಂತೆ ಸೆಟೆದು ಬೀಳುವುದುಂಟು. ಎರಡು ಮೂರು ದಿವಸಗಳ ತರುವಾಯ ಕೆಲವರಿಗೆ ಸನ್ನಿಯೇರಿ, ಇಲ್ಲದ ಹುಳುಹುಪ್ಪಟೆಗಳು ಗೋಡೆಯ ಮೇಲೆ ಕಾಣತೊಡಗುತ್ತವೆ, ಇಲ್ಲದ ಮಾತುಗಳು ಕೇಳಿಸುತ್ತವೆ. ಮನೆಯವರು ದೆವ್ವ ಹಿಡಿಯಿತೆಂದೋ ಪ್ರಮಾಣಭಂಗದ ಫಲವೆಂದೋ ಹೆದರಿ, ಪುನಃ ಒಂದು ಬಟ್ಟಲನ್ನು ಕುಡಿಸಿಬಿಡುತ್ತಾರೆ. ಇಲ್ಲವೇ ಕೋಣೆಗೆ ಬೀಗ ಹಾಕುತ್ತಾರೆ. ಚಿಕಿತ್ಸೆಯಿಲ್ಲದಿದ್ದರೆ ಈ ಸನ್ನಿಯಿಂದ ಪ್ರಾಣವೇ ಹೋಗಬಹುದು. ಆಸ್ಪತ್ರೆಯಲ್ಲಿ ನಿದ್ರೆಯ ಔಷಧವನ್ನು ಕ್ರಮವಾಗಿ ಕೊಟ್ಟು ಇಳಿಸುತ್ತಾ, ಬಿ ವರ್ಗದ ಜೀವಸತ್ವವನ್ನು ಸೂಜಿಯಿಂದ ಕೊಟ್ಟು ನೋಡಿಕೊಂಡರೆ, ಬಹುಮಂದಿ ಒಂದು ವಾರದೊಳಗೆ ಸುಧಾರಿಸಿಕೊಳ್ಳುತ್ತಾರೆ. ಆ ಒಂದು ವಾರದ ಖರ್ಚನ್ನೇ ಮೇಲೆ ಹೇಳಿದ ೧೨ನೆಯ ಹೊರತು ನಿರಾಕರಿಸುವುದು. ಪ್ರಮಾಣವನ್ನು ಮಾಡಿಸುವವರು ವೈದ್ಯನೊಬ್ಬನನ್ನೂ ಬಳಿಯಲ್ಲಿಟ್ಟುಕೊಳ್ಳುವುದು ಲೇಸೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಹಿಂದೆ ಮೈಸೂರು ಸಂಸ್ಥಾನದ ಹುಚ್ಚರ ಆಸ್ಪತ್ರೆಯಾಗಿತ್ತು; ೧೯೨೫ರಲ್ಲಿ ಆ ಹೆಸರನ್ನು ಬಿಟ್ಟು ಮಾನಸಿಕ ಆಸ್ಪತ್ರೆಯೆನಿಸಿಕೊಂಡಿತು; ೧೯೭೪ರಲ್ಲಿ ಈಗಿನ ರೂಪವನ್ನು ಪಡೆಯಿತು. ಈ ಸಂಸ್ಥೆಯವರು ೨೦೧೫-೧೬ರಲ್ಲಿ ೧೨ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ನೂರಕ್ಕೆ ೧೦.೬ ಮಂದಿ ಯಾವುದಾದರೊಂದು ಮನೋವಿಕಾರದಿಂದ ಪೀಡಿತರೆಂದು ಕಂಡುಬಂದಿತು. ಮದ್ಯದ ರೋಗಿಗಳಲ್ಲಿಯಾದರೋ ನೂರಕ್ಕೆ ೮೬ ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಇವರೆಲ್ಲರೂ ಹಣವಿಲ್ಲದೆಯೇ ಹೋಗಲಿಲ್ಲವೆನ್ನಲಾಗದು. ನಾಚಿಕೆಯೂ ಅಜ್ಞಾನವೂ ಕೂಡಿವೆ. ಆದರೆ ನಾಚಿಕೆಯನ್ನು ಮೀರಿ ಹೊರಟವನನ್ನು ಹಣದ ಕೊರತೆಯು ಬಾಗಿಲಲ್ಲಿ ತಡೆಯಬಾರದಷ್ಟೆ.

ಖರ್ಚು ಮಿತಿಮೀರುವುದೆಂಬ ಭೀತಿಯೂ ಉಂಟು. ಅಮೇರಿಕಾದಲ್ಲಿ ಕೇಂದ್ರ ಸರಕಾರದ ನೌಕರರ ವಿಮೆಯಲ್ಲಿ ೨೦೦೧ರಿಂದ ಈ ಸಮಾನತೆಯನ್ನು ತಂದು ನೋಡಿದರು. ವೆಚ್ಚವು ಹೇಳಿಕೊಳ್ಳುವಷ್ಟು ಏರಲಿಲ್ಲವೆಂದು ೨೦೦೬ರಲ್ಲಿ ಪ್ರಕಟವಾದ ಪರಿಶೋಧನೆಯು ತಿಳಿಸಿತು. ೨೦೦೮ರಲ್ಲಿ ಅಲ್ಲಿ ಮನೋರೋಗವನ್ನೂ ವ್ಯಸನವನ್ನೂ ಹೆಸರಿಸಿಯೇ ಕಾಯಿದೆಯಾಯಿತು. ಅದಕ್ಕೆ ವೆಲ್‌ಸ್ಟೋನ್ ಮತ್ತು ಡೊಮೆನಿಚಿ ಎಂಬ ಇಬ್ಬರು ಸೆನೆಟರುಗಳ ಹೆಸರಿದೆ. ಇಬ್ಬರೂ ಎದುರುಪಕ್ಷದವರು, ಆದರೆ ಒಬ್ಬನ ಅಣ್ಣನೂ ಇನ್ನೊಬ್ಬನ ಮಗಳೂ ಮನೋರೋಗದಿಂದ ಬಳಲಿದವರು.

ಈಗ ಈ ಊರಿನ ಕಡೆಗೆ ತಿರುಗಬೇಕು. ೨೦೧೮ನೆಯ ಆಗಸ್ಟ್ ಮಾಸದ ಮಧ್ಯದಲ್ಲಿ ಸುರಿದ ಮಹಾವೃಷ್ಟಿಗೆ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು, ಮುಕ್ಕೋಡ್ಲು ಮೊದಲಾದ ಕಡೆಗಳಲ್ಲಿ ಗುಡ್ಡಗಳು ಜರಿದು, ತಲೆಮಾರುಗಳಿಂದ ಬೆಳೆಸಿದ ತೋಟಗಳು ಮಣ್ಣಿನೊಡನೆ ಇಳಿದುಹೋದವು. ಕುಸಿದ ಗೋಡೆಯನ್ನು ಅಳೆದು ಬರೆದುಕೊಳ್ಳುವವರು ಬಂದರು. ಜಂಬೂರಿನಲ್ಲಿ ಸಂತ್ರಸ್ತರಿಗಾಗಿ ಹೊಸ ಮನೆಗಳೆದ್ದವು. ಮಳೆಯ ಸದ್ದು ಕೇಳಿದರೆ ಎದ್ದು ಕೂರುವ ಮುದುಕಿಯ ನಿದ್ರೆಯನ್ನು ಯಾವ ಪಟ್ಟಿಯಲ್ಲಿ ಬರೆಯಬೇಕು? ನಿಮ್ಹಾನ್ಸ್‌ನವರೂ ಆಗ ಕೊಡಗಿಗೆ ಬಂದು ಸಾಂತ್ವನದ ಕಾರ್ಯವನ್ನು ಮಾಡಿದರು. ಅಂಥ ದುಃಖಗಳಲ್ಲಿ ಹೆಚ್ಚಿನವು ಕಾಲಕ್ರಮದಲ್ಲಿ ತಾವಾಗಿ ಇಳಿಯುತ್ತವೆ. ಕೆಲವು ರೋಗವಾಗಿ ನಿಲ್ಲುತ್ತವೆ. ಕೆಲವು ಬಾಟಲಿಯನ್ನು ಹುಡುಕಿಕೊಳ್ಳುತ್ತವೆ.

ಇಲ್ಲಿಯೇ ಸಮಾನತೆಯ ಇನ್ನೊಂದು ತೊಡಕು ಕಾಣುತ್ತದೆ. ವಿಮೆಯು ಸಾಮಾನ್ಯವಾಗಿ ೨೪ ಗಂಟೆಗೆ ಕಡಿಮೆಯಿಲ್ಲದಂತೆ ಆಸ್ಪತ್ರೆಯಲ್ಲಿ ಮಲಗಿದವನಿಗೆ ಹಣ ಕೊಡತಕ್ಕದ್ದು. ಮನೋರೋಗಿಗಾದರೋ ತಿಂಗಳಿಗೊಮ್ಮೆ ವೈದ್ಯನನ್ನು ಕಂಡು, ಮಾತ್ರೆಯನ್ನು ತಂದು, ತೋಟದ ಕೆಲಸವನ್ನು ಮಾಡುತ್ತಲೇ ವಾಸಿಯಾಗುವ ಭಾಗ್ಯವುಂಟು. ಅಂದರೆ ಚೆನ್ನಾಗಿ ಚಿಕಿತ್ಸೆ ನಡೆದಷ್ಟೂ ವಿಮೆಯಿಂದ ಬರುವುದು ಕಡಿಮೆ! ೨೦೦೩ರಲ್ಲಿ ಸಹಕಾರಸಂಘಗಳ ರೈತರಿಗಾಗಿ ಆರಂಭವಾದ ಯಶಸ್ವಿನಿ ಯೋಜನೆಯೂ ಮುಖ್ಯವಾಗಿ ಶಸ್ತ್ರಚಿಕಿತ್ಸೆಗಾಗಿ ಏರ್ಪಟ್ಟುದು. ಮನಸ್ಸಿಗೆ ಶಸ್ತ್ರವು ತಾಗುವುದಿಲ್ಲವಾದ್ದರಿಂದ ಮನೋರೋಗವು ಅದರ ದೃಷ್ಟಿಗೆ ಬೀಳಲಿಲ್ಲ. ಅದನ್ನು ರಚಿಸಿದವರಲ್ಲಿ ದುರುದ್ದೇಶವಿತ್ತೆನ್ನಲಾಗದು. ಸದ್ಯಕ್ಕೆ ಈ ತಿಂಗಳ ಮಾತ್ರೆಗೆ ಸರಕಾರಿ ಆಸ್ಪತ್ರೆಯೇ ಆಧಾರವು. ಮಡಿಕೇರಿಯಲ್ಲಿ ೨೦೧೬ರಲ್ಲಿ ಪ್ರಾರಂಭವಾದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಿದೆ. ೨೦೨೨ರಿಂದ ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ, ಖರ್ಚಿಲ್ಲದೆ, ಟೆಲಿ ಮಾನಸ್‌ನ ಸಲಹೆಗಾರರು ಮಾತನಾಡುತ್ತಾರೆ.

ಪಾಲಿಸಿಯುಳ್ಳ ಭಕ್ತರು ಮಾಡಬಹುದಾದ ಕಾರ್ಯಗಳೂ ಉಂಟು. ವಿಮೆಯನ್ನು ಮಾಡಿಸುವಾಗ, ಮಗಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆಯಿಂದ, ಮನೆಯಲ್ಲಿರುವ ಮನೋರೋಗವನ್ನು ಪ್ರಸ್ತಾವಪತ್ರದಲ್ಲಿ ಮರೆಮಾಚುವುದು ಬಹಳ ಕಂಡುಬರುವ ತಪ್ಪು. ಹಾಗೆ ಮರೆಸಿದ್ದು ತಿಳಿದುಬಂದರೆ ಎಲ್ಲಾ ಹಕ್ಕೂ ಹೋಗಬಹುದು. ಬರೆದು ತಿಳಿಸಿದರೆ, ಹಿಂದಿನಿಂದಲೇ ಇದ್ದ ರೋಗಕ್ಕೆ ಕಾಯಬೇಕಾದ ಅವಧಿಯು ೨೦೨೪ರ ನಿಯಮದಂತೆ ೩ ವರ್ಷಗಳನ್ನು ಮೀರಕೂಡದು. ಮೊದಲು ಅದು ೪ ವರ್ಷಗಳಾಗಿತ್ತು. ಪರಿಹಾರದ ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಬೇಕು. ಮೊದಲು ವಿಮಾ ಸಂಸ್ಥೆಗೇ ದೂರನ್ನು ಬರೆದು, ತಿಂಗಳೊಳಗೆ ಸಮಾಧಾನವಾಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರ ಕಛೇರಿಗೆ ಅರ್ಜಿಯನ್ನು ಹಾಕಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲನೂ ಬೇಕಿಲ್ಲ. ೧೨ನೆಯ ಹೊರತನ್ನು ತೋರಿಸಿ ತಿರಸ್ಕರಿಸಿದವರ ಮುಂದೆ ೨೦೧೭ರ ಕಾಯಿದೆಯ ೨೧ನೆಯ ಕಲಮನ್ನೂ, ಮನೋರೋಗದ ಅರ್ಥವನ್ನು ಹೇಳುವ ೨ನೆಯ ಕಲಮನ್ನೂ ಹೆಸರಿಸಿ ಬರೆಯಬೇಕು. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರಗಳಲ್ಲಿರುವ ಪಾಲಿಸಿಯನ್ನು ಓದಲಾರದವರು, ಮಠದ ಶಾಲೆಯಲ್ಲಿ ಕಲಿತ ಹುಡುಗರೊಬ್ಬರಿಂದ ಆ ಒಂದು ಪುಟವನ್ನು ಓದಿಸಿಕೊಂಡು, ಮುಂದಿನ ವರ್ಷದ ಕಂತನ್ನು ಕಟ್ಟುವುದಕ್ಕೆ ಮೊದಲೇ ಏಜೆಂಟನನ್ನು ಕೇಳಲಿ.