ಭಾರ ಎಳೆಯುವ ಮುನ್ನ ಹಲ್ಲುಗಳ ಲೆಕ್ಕ

(ವಾಚನಾಲಯದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ನಮ್ಮ ವಿಷಯ ಸಾಹಿತ್ಯವಲ್ಲ, ಸಂಗೀತವೂ ಅಲ್ಲ. ಗಾಡಿಯ ಹಿಂದಿನ ಅಚ್ಚಿನೊಳಗೆ ಎಣ್ಣೆಯಲ್ಲಿ ಮುಳುಗಿರುವ ಎರಡು ಹಲ್ಲುಚಕ್ರಗಳ ವಿಷಯ. ಅಮೆರಿಕದಲ್ಲಿ ಜನ ತಮ್ಮ ಪಿಕಪ್ ಗಾಡಿಯ ಹಿಂದೆ ಟ್ರೇಲರ್ ಕಟ್ಟಿಕೊಂಡು ಸಾವಿರಾರು ಮೈಲಿ ಹೋಗುವುದುಂಟು. ಟ್ರೇಲರೆಂದರೆ ಕೆಲವರಿಗೆ ಚಕ್ರದ ಮೇಲಿನ ಮನೆ, ಕೆಲವರಿಗೆ ಕುದುರೆ, ಕೆಲವರಿಗೆ ದೋಣಿ. ಅಂಥ ಪ್ರಯಾಣಕ್ಕೆ ಮುಂಚೆ ಅಲ್ಲಿ ಅನೇಕರು ಅಚ್ಚಿನ ಹಲ್ಲುಚಕ್ರಗಳನ್ನೇ ಬದಲಾಯಿಸುತ್ತಾರೆ. ಇದನ್ನು ಮೋಟಾರು ಪತ್ರಿಕೆಗಳಲ್ಲಿ ಓದಿದ ನಮ್ಮ ಸದಸ್ಯರು ಕೆಲವರು, "ಹಲ್ಲು ಬದಲಾಯಿಸಿದರೆ ಗಾಡಿ ಎಷ್ಟು ಭಾರವನ್ನಾದರೂ ಎಳೆಯುವುದೆ?" ಎಂದು ಕೇಳಿದರು. ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಸ್ಟೀರಿಂಗ್ ಹಿಡಿಯುವವರೂ ಇದ್ದಾರೆ, ಸಾಗಾಣಿಕೆ ಕಚೇರಿಯಲ್ಲಿ ಕುಳಿತು ತೂಕದ ಚೀಟಿ ಬರೆಯುವವರೂ ಇದ್ದಾರೆ. ಇಬ್ಬರಿಗೂ ಈ ಪ್ರಶ್ನೆ ಬೇಕಾದದ್ದೇ. ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರು, ಎಂಜಿನಿಯರಲ್ಲ. ಆದರೆ ಈ ವಿಷಯದಲ್ಲಿ ಮುಕ್ಕಾಲು ಪಾಲು ಲೆಕ್ಕವೇ ಇರುವುದರಿಂದ ಧೈರ್ಯ ಮಾಡಿದ್ದೇವೆ.

ಮೊದಲು ವಸ್ತುವಿನ ಪರಿಚಯ. ಎಂಜಿನ್ನಿನ ತಿರುಗುವಿಕೆ ಗೇರ್ ಪೆಟ್ಟಿಗೆಯಿಂದ ಹೊರಟು ಪ್ರೊಪೆಲರ್ ಶಾಫ್ಟಿನ ಮೂಲಕ ಹಿಂದಿನ ಅಚ್ಚಿಗೆ ಬರುತ್ತದೆ. ಅಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವೂ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಪಿನಿಯನ್ನಿಗೆ 11 ಹಲ್ಲು, ಕ್ರೌನಿಗೆ 39 ಹಲ್ಲು ಇದ್ದರೆ, 39ನ್ನು 11ರಿಂದ ಭಾಗಿಸಿ 3.55 ಎನ್ನುತ್ತಾರೆ. ಎಂದರೆ ಶಾಫ್ಟು ಸುಮಾರು ಮೂರೂವರೆ ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ಬರುತ್ತದೆ. ಪಿನಿಯನ್ನಿಗೆ 10, ಕ್ರೌನಿಗೆ 41 ಇದ್ದರೆ ಅದು 4.10. ಈ ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು, ವೇಗ ಕಡಿಮೆ.

ನೂಲಿನ ಗಿರಣಿಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ರಿಂಗ್ ಫ್ರೇಮಿನಲ್ಲಿ ಚೇಂಜ್ ವೀಲ್ ಇರುತ್ತದೆಯಷ್ಟೆ. ಅದನ್ನು ಬದಲಾಯಿಸಿ ನೂಲಿಗೆ ಹುರಿ ಹೆಚ್ಚಿಸಬಹುದು. ಆದರೆ ಕದಿರುಗಳ ವೇಗ ಅಷ್ಟೇ ಇದ್ದರೆ ಆ ಪಾಳಿಯ ಉತ್ಪತ್ತಿ ಕಡಿಮೆಯಾಗಿ ನಮ್ಮ ಪುಸ್ತಕದಲ್ಲಿ ಬೀಳುತ್ತದೆ. ಹುರಿಯೂ ಹೆಚ್ಚು, ಉತ್ಪತ್ತಿಯೂ ಹೆಚ್ಚು ಎಂಬ ಚಕ್ರವನ್ನು ಯಾವ ಫಿಟ್ಟರನೂ ತಂದು ಹಾಕಲಾರ. ಮೋಟಾರಿನ ಹಲ್ಲುಚಕ್ರಕ್ಕೂ ಇದೇ ನ್ಯಾಯ.

ಈಗ ಅಂಕಿಗಳಲ್ಲೇ ನೋಡೋಣ. ಒಂದು ಪಿಕಪ್ಪಿನ ಟೈರು ಒಂದು ಸುತ್ತಿಗೆ ಎರಡೂವರೆ ಮೀಟರು ಮುಂದೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಆ ಚಕ್ರ ನಿಮಿಷಕ್ಕೆ ಸುಮಾರು 533 ಸುತ್ತು ಬರಬೇಕು. ಹಲ್ಲಿನ ಅಂಕಿ 3.55 ಇದ್ದರೆ ಶಾಫ್ಟು ಸುಮಾರು 1,890 ಸುತ್ತು, 4.10 ಇದ್ದರೆ ಸುಮಾರು 2,190 ಸುತ್ತು. ಗೇರ್ ಪೆಟ್ಟಿಗೆಯಲ್ಲಿ ಒಂದೇ ಗೇರಿನಲ್ಲಿರುವಾಗ ಚಕ್ರಕ್ಕೆ ಮುಟ್ಟುವ ಎಳೆತ ನೂರಕ್ಕೆ ಹದಿನೈದರಷ್ಟು ಹೆಚ್ಚಿತು. ಎಂಜಿನ್ನು ಸುತ್ತುವುದೂ ನೂರಕ್ಕೆ ಹದಿನೈದರಷ್ಟು ಹೆಚ್ಚಿತು. ಲಾಭಕ್ಕೆ ತಕ್ಕ ಖರ್ಚು ಅಲ್ಲೇ ಇದೆ. ಖಾಲಿ ಗಾಡಿ ಓಡುವ ದಿನಗಳಲ್ಲಿ ಸದ್ದು ಹೆಚ್ಚು, ಇಂಧನವೂ ಸಾಮಾನ್ಯವಾಗಿ ಹೆಚ್ಚು. ವರ್ಷಕ್ಕೆ ಎರಡು ದಿನ ಟ್ರೇಲರ್ ಕಟ್ಟುವವನು ಉಳಿದ ದಿನಗಳ ಇಂಧನದ ಲೆಕ್ಕವನ್ನೂ ಹಾಕಿಕೊಳ್ಳಬೇಕು.

ಹಾಗಾದರೆ ಯಾರಿಗೆ ಇದು ನಿಜವಾಗಿ ಬೇಕು? ಭಾರ ಕಟ್ಟಿದಾಗ ಮೇಲಿನ ಗೇರಿನಲ್ಲಿ ನಿಲ್ಲಲಾರದೆ, ಸಣ್ಣ ದಿಣ್ಣೆ ಬಂದರೂ ಕೆಳಗಿನ ಗೇರಿಗೆ ಇಳಿದು, ಮತ್ತೆ ಏರಿ, ಮತ್ತೆ ಇಳಿಯುವ ಗಾಡಿಗೆ ಬೇಕು. ತಾನಾಗಿ ಗೇರು ಬದಲಿಸುವ ಪೆಟ್ಟಿಗೆಯಾದರೆ ಈ ಚಡಪಡಿಕೆಯಿಂದ ಅದರ ಎಣ್ಣೆ ಕಾಯುತ್ತದೆ, ಕಾದ ಎಣ್ಣೆ ಪೆಟ್ಟಿಗೆಯ ಆಯುಸ್ಸನ್ನು ತಿನ್ನುತ್ತದೆ. ಎರಡನೆಯದಾಗಿ, ದೊಡ್ಡ ಟೈರು ಹಾಕಿಸಿದವರಿಗೆ ಬೇಕು. 31 ಅಂಗುಲದ ಟೈರು ತೆಗೆದು 35 ಅಂಗುಲದ್ದು ಹಾಕಿದರೆ 3.55ರ ಹಲ್ಲು 3.14ರಂತೆ ಕೆಲಸ ಮಾಡುತ್ತದೆ. ಅಂಥವರು 4.10 ಹಾಕಿಸಿದರೆ ಹೊಸ ಬಲ ಬಂದದ್ದೇನೂ ಹೆಚ್ಚಿಲ್ಲ, ಕಳೆದುಕೊಂಡದ್ದು ಮರಳಿ ಬಂದಿತು, ಅಷ್ಟೆ.

ಇತ್ತೀಚಿನ ಗಾಡಿಗಳ ಮಾತು ಬೇರೆ. ಹಳೆಯ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಮೊದಲನೆಯ ಗೇರಿನ ಅಂಕಿ 3ರ ಆಸುಪಾಸು. ಅದನ್ನು 3.55ರಿಂದ ಗುಣಿಸಿದರೆ 10.65. ಹಲ್ಲು ಬದಲಾಯಿಸಿ 4.10 ಮಾಡಿದರೆ 12.3. ಆದರೆ ಈಗ ಬರುವ ಹತ್ತು ಗೇರಿನ ಪೆಟ್ಟಿಗೆಯಲ್ಲಿ ಮೊದಲನೆಯ ಗೇರು ಸುಮಾರು 4.7. ಅದು 3.55ರ ಹಲ್ಲಿನೊಡನೆಯೇ 16.7 ಕೊಡುತ್ತದೆ. ಇಂಥ ಗಾಡಿಯವರು ಹಣ ಸುರಿಯುವ ಮುನ್ನ ಎರಡು ಸಲ ಯೋಚಿಸತಕ್ಕದ್ದು. ಅವರಿಗೆ ಬೇಕಾದ ಕೆಳಗೇರುಗಳು ಪೆಟ್ಟಿಗೆಯಲ್ಲಿ ಆಗಲೇ ಇವೆ.

ಇನ್ನು ಬೆಟ್ಟದ ಮಾತು. ಅಮೆರಿಕದ ಆರಿಜೋನಾ ಮತ್ತು ನೆವಾಡಾ ರಾಜ್ಯಗಳ ಗಡಿಯಲ್ಲಿ ಕೊಲರಾಡೊ ನದಿಗೆ ಡೇವಿಸ್ ಅಣೆಕಟ್ಟು ಇದೆ. ಅದರ ಬಳಿಯಿಂದ ಆರಿಜೋನಾದ ಕಡೆಗೆ ಸುಮಾರು 18 ಕಿಲೋಮೀಟರ್ ಬಿಡದೆ ಏರುವ ರಸ್ತೆಯುಂಟು. ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ 2008ರಲ್ಲಿ ಜೆ 2807 ಎಂಬ ನಿಯಮಾವಳಿಯನ್ನು ಪ್ರಕಟಿಸಿ, ಗಾಡಿ ಎಷ್ಟು ಭಾರ ಎಳೆಯಬಲ್ಲದೆಂದು ಹೇಳಲು ಈ ಏರನ್ನೇ ಒರೆಗಲ್ಲಾಗಿ ಇಟ್ಟಿತು. 38 ಡಿಗ್ರಿಯ ಬಿಸಿಲಿನಲ್ಲಿ, ಗಾಡಿಯೊಳಗಿನ ಏರ್ ಕಂಡೀಷನರ್ ಪೂರ್ತಿ ನಡೆಸಿಕೊಂಡು, ಟ್ರೇಲರ್ ಸಹಿತ ಏರಬೇಕು. ಸಾಧಾರಣ ಪಿಕಪ್ಪಿನ ವೇಗ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯಬಾರದು. ಎಂಜಿನ್ನು ಕುದಿಯಬಾರದು. ಒಂದೇ ಎಂಜಿನ್ನಿನ ಗಾಡಿಗೆ ಹಲ್ಲಿನ ಅಂಕಿ ಬೇರೆಯಾದರೆ ತಯಾರಕರು ಬರೆಯುವ ಟ್ರೇಲರ್ ತೂಕವೂ ಬೇರೆಯಾಗುವುದುಂಟು. ಹಲ್ಲಿನ ಮಹತ್ವ ಸುಳ್ಳಲ್ಲ.

ಆದರೆ ಬಂಧುಗಳೆ, ಆ ನಿಯಮಾವಳಿಯಲ್ಲಿ ಏರುವ ಪರೀಕ್ಷೆಯೊಂದೇ ಇಲ್ಲ. ನಿಲ್ಲಿಸುವ ಪರೀಕ್ಷೆಯೂ ಇದೆ, ಟ್ರೇಲರ್ ಬಾಲದಂತೆ ತೂಗಾಡುತ್ತದೆಯೇ ಎಂಬ ಪರೀಕ್ಷೆಯೂ ಇದೆ. ಇಂದು ನಾವು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದನ್ನೇ. ಎಳೆಯುವ ಶಕ್ತಿ ಬೇರೆ, ತಡೆಯುವ ಶಕ್ತಿ ಬೇರೆ. ಹಲ್ಲುಚಕ್ರ ಕೊಡುವುದು ಮೊದಲನೆಯದನ್ನು.

ಇದಕ್ಕೆ ನಿದರ್ಶನ ನಮ್ಮ ಊರಿನ ಹಾದಿಯಲ್ಲೇ ಇದೆ. ಇಲ್ಲಿಂದ ಪುಣೆಯ ಕಡೆಗೆ ಹೊರಟ ರೈಲು ಕರ್ಜತ್‌ನಲ್ಲಿ ನಿಂತಾಗ ನಾವೆಲ್ಲ ವಡೆ ಕೊಳ್ಳಲು ಇಳಿಯುತ್ತೇವೆ. ಆ ಹೊತ್ತಿನಲ್ಲಿ ಅನೇಕ ರೈಲುಗಳ ಹಿಂಬದಿಗೆ ಬೇರೆ ಎಂಜಿನ್ನುಗಳನ್ನು ಜೋಡಿಸುತ್ತಾರೆ. 1863ರಲ್ಲಿ ತೆರೆದ ಭೋರ್ ಘಟ್ಟದ ಆ ಹಾದಿ 37 ಅಡಿಗೆ ಒಂದು ಅಡಿ ಏರುತ್ತದೆ. ಹಿಂದಿನಿಂದ ನೂಕದಿದ್ದರೆ ಅಷ್ಟು ಭಾರ ಲೋಣಾವಳ ಮುಟ್ಟದು. ಇದು ಏರುವ ಏರ್ಪಾಡು. ಇಳಿಯುವ ರೈಲಿಗೆ ಏನು ಮಾಡುತ್ತಾರೆ? ಘಟ್ಟದಲ್ಲಿ ಬ್ರೇಕು ಪರೀಕ್ಷೆಗೆಂದೇ ನಿಲ್ಲಿಸುತ್ತಾರೆ. ಹಿಡಿತ ತಪ್ಪಿದ ಗಾಡಿಯನ್ನು ಪಕ್ಕಕ್ಕೆ ತಿರುಗಿಸಿ ದಿಣ್ಣೆಗೆ ಹತ್ತಿಸಿ ನಿಲ್ಲಿಸಲು ಪ್ರತ್ಯೇಕ ಹಳಿ ಹಾಕಿದ್ದಾರೆ. ಏರುವ ಎಂಜಿನ್ನು ಸಿಕ್ಕಿತೆಂದು ಇಳಿಯುವ ಬ್ರೇಕನ್ನು ಯಾರೂ ಮರೆತಿಲ್ಲ.

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ, 1973ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಎತ್ತರದಲ್ಲಿದೆ. ಅಷ್ಟು ಎತ್ತರದ ತೆಳು ಗಾಳಿಯಲ್ಲಿ, ಟರ್ಬೊ ಇಲ್ಲದ ಎಂಜಿನ್ನು ತನ್ನ ಬಲದ ಸುಮಾರು ಮೂರರಲ್ಲೊಂದು ಪಾಲನ್ನು ಕಳೆದುಕೊಳ್ಳುತ್ತದೆ. ಹತ್ತುವಾಗ 4.10ರ ಹಲ್ಲು ಅಲ್ಲಿ ಉಪಕಾರಿಯೇ ಸರಿ. ಇಳಿಯುವಾಗಲೂ ಎಂಜಿನ್ನಿನ ತಡೆ ಸ್ವಲ್ಪ ಹೆಚ್ಚಾಗಿ ಸಿಗುತ್ತದೆ. ಆದರೆ ಅದನ್ನೇ ನಂಬಿ ಇಳಿಯಬಾರದು. ಆ ಇಳಿಜಾರಿನಲ್ಲಿ ಬ್ರೇಕು ಕಾದು ಸೋತ ಲಾರಿಗಳಿಗಾಗಿ ಜಲ್ಲಿ ಸುರಿದ ಪಕ್ಕದ ರಸ್ತೆಗಳನ್ನು ಕಟ್ಟಿದ್ದಾರೆ.

ಆದುದರಿಂದ ಹಲ್ಲಿಗೆ ಮುಂಚೆ ತೂಕ ನೋಡಬೇಕು. ಗಾಡಿಯ ಮೇಲೆ ಎಷ್ಟು ಹೇರಬಹುದು, ಗಾಡಿ ಮತ್ತು ಟ್ರೇಲರ್ ಎರಡೂ ಕೂಡಿ ಎಷ್ಟು ತೂಗಬಹುದು ಎಂದು ತಯಾರಕರು ಬರೆದಿರುತ್ತಾರೆ. ಟ್ರೇಲರಿನ ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಜೋಡಣೆಯ ಕೊಕ್ಕೆಯ ಮೇಲೆ ಬೀಳಬೇಕೆಂಬುದು ಅಲ್ಲಿನ ರೂಢಿಯ ಲೆಕ್ಕ. ಟ್ರೇಲರ್ 3,000 ಕಿಲೋ ಇದ್ದರೆ ಕೊಕ್ಕೆಯ ಮೇಲೆ 300ರಿಂದ 450 ಕಿಲೋ. ಇದೂ ಗಾಡಿಯ ಹೇರಿಗೆ ಸೇರುತ್ತದೆ. ಚೌಕಟ್ಟು, ಸ್ಪ್ರಿಂಗು, ಟೈರು, ಬ್ರೇಕು ಇವು ಯಾವುವೂ ಹಲ್ಲು ಬದಲಾಯಿಸಿದ್ದರಿಂದ ಗಟ್ಟಿಯಾಗಲಿಲ್ಲ. ಟ್ರೇಲರಿಗೆ ತನ್ನದೇ ಬ್ರೇಕು ಇದೆಯೆ, ಅದು ಕೆಲಸ ಮಾಡುತ್ತಿದೆಯೆ ಎಂದು ನೋಡಿದ ಮೇಲೆಯೇ ಹಲ್ಲಿನ ಮಾತು.

ಇಷ್ಟೆಲ್ಲ ನೋಡಿಯೂ ಬದಲಾವಣೆ ಬೇಕೆಂದಾದರೆ, ಈಗ ಯಾವ ಹಲ್ಲಿದೆ ಎಂದು ತಿಳಿಯಬೇಕು. ಅಚ್ಚಿನ ಮೇಲಿನ ಚೀಟಿ ಅಳಿಸಿಹೋಗಿದ್ದರೂ ಉಪಾಯವಿದೆ. ಸಮನೆಲದಲ್ಲಿ ಉಳಿದ ಚಕ್ರಗಳಿಗೆ ಭದ್ರವಾಗಿ ಅಡ್ಡ ಕೊಟ್ಟು, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ, ಆಧಾರಕ್ಕೆ ಸ್ಟ್ಯಾಂಡ್ ಇಟ್ಟು, ಆ ಚಕ್ರವನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಸಾಧಾರಣ ಡಿಫರೆನ್ಷಿಯಲ್ ಇದ್ದರೆ, ಅಷ್ಟರಲ್ಲಿ ಶಾಫ್ಟು ಎಷ್ಟು ಸುತ್ತು ಬಂತೋ ಅದೇ ಅಂಕಿ.

ಕೆಲಸ ನುರಿತ ಕೈಯದೇ ಆಗಬೇಕು. ಕ್ರೌನು ಪಿನಿಯನ್ನುಗಳನ್ನು ಜೋಡಿಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಾಕುವಂತಿಲ್ಲ. ಹಲ್ಲುಗಳ ನಡುವೆ ಬಿಡುವ ಸಡಿಲು ಸಾಮಾನ್ಯವಾಗಿ ಮಿಲಿಮೀಟರಿನ 0.15ರಿಂದ 0.25 ಭಾಗ, ಎಂದರೆ ಬರೆಯುವ ಕಾಗದದ ಎರಡು ಹಾಳೆಯಷ್ಟು ದಪ್ಪ. ಅದನ್ನು ಡಯಲ್ ಗೇಜಿನಿಂದ ಅಳೆದು, ಶಿಮ್ ಎಂಬ ತೆಳು ತಗಡುಗಳಿಂದ ಸರಿಪಡಿಸಿ, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುತ್ತದೆಯೇ ಎಂದು ನೋಡುತ್ತಾರೆ. ಬೇರಿಂಗು, ಸೀಲು, ಕ್ರೌನಿನ ಬೋಲ್ಟು ಹೊಸವು ಹಾಕಿಸುವುದು ಲೇಸು. ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯಾದರೆ ಮುಂದಿನ ಅಚ್ಚಿನ ಹಲ್ಲನ್ನೂ ಅದೇ ಅಂಕಿಗೆ ತರಬೇಕು. ಇಲ್ಲವಾದರೆ ಮುಂದಿನದು ಒಂದು ಲೆಕ್ಕ, ಹಿಂದಿನದು ಇನ್ನೊಂದು ಲೆಕ್ಕವಾಗಿ ಒಂದನ್ನೊಂದು ಜಗ್ಗಾಡಿ ಮುರಿಯುತ್ತವೆ. ಈಚಿನ ಗಾಡಿಗಳಲ್ಲಿ ವೇಗ ತೋರಿಸುವ ಗಣಕಕ್ಕೂ ಹೊಸ ಅಂಕಿಯನ್ನು ತಿಳಿಸಬೇಕಾಗುತ್ತದೆ.

ಹೊಸ ಹಲ್ಲು ಹಾಕಿಸಿದ ಮರುದಿನವೇ ಟ್ರೇಲರ್ ಕಟ್ಟಬಾರದು. ಇಲ್ಲಿ ಹಲ್ಲು ಹಲ್ಲಿನ ಮೇಲೆ ಜಾರುತ್ತ ಕಚ್ಚುವುದರಿಂದ ಮೊದಲ ದಿನಗಳಲ್ಲಿ ಬಿಸಿ ಹೆಚ್ಚು. ಇಪ್ಪತ್ತೈದು ಮೂವತ್ತು ಕಿಲೋಮೀಟರು ಹಗುರವಾಗಿ ಓಡಿಸಿ ಪೂರ್ತಿ ತಣಿಯಲು ಬಿಡಬೇಕು. ಹೀಗೆ ಕೆಲವು ಸಲ ಮಾಡಬೇಕು. ಮೊದಲ 500 ಮೈಲಿ, ಎಂದರೆ ಸುಮಾರು 800 ಕಿಲೋಮೀಟರು ಭಾರ ಎಳೆಯದೆ ಓಡಿಸಿ, ಆಮೇಲೆ ಗೇರ್ ಆಯಿಲ್ ಬದಲಾಯಿಸಬೇಕೆಂದು ಹಲ್ಲುಚಕ್ರ ತಯಾರಿಸುವವರು ಸಾಮಾನ್ಯವಾಗಿ ಹೇಳುತ್ತಾರೆ. ದೂರ ಪ್ರಯಾಣದ ತಾರೀಖು ನಿಶ್ಚಯಿಸುವಾಗ ಈ ದಿನಗಳನ್ನೂ ಎಣಿಸಿಕೊಳ್ಳತಕ್ಕದ್ದು.

ಕೊನೆಯದಾಗಿ ನಮ್ಮ ದೇಶದ ಮಾತು. "ಹಲ್ಲು ಬದಲಾಯಿಸಿದ್ದೇನೆ, ಇನ್ನೆರಡು ಟನ್ನು ಹಾಕು" ಎಂದು ಮಾಲೀಕರು ಹೇಳಿದರೆ ಹೆದರದೆ ಉತ್ತರ ಕೊಡಿ. ನೋಂದಣಿ ಪುಸ್ತಕದಲ್ಲಿ ಬರೆದ ತೂಕವನ್ನು ಹಲ್ಲುಚಕ್ರ ತಿದ್ದಲಾರದು. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಲ್ಲಿ ನಿರ್ಬಂಧವಿದೆ. 2019ರ ತಿದ್ದುಪಡಿಯಲ್ಲಿ ಹೆಚ್ಚು ಭಾರ ಹೇರಿದ್ದಕ್ಕೆ 20,000 ರೂಪಾಯಿ ದಂಡವನ್ನೂ, ಮೀರಿದ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿಯನ್ನೂ ಇಟ್ಟರು. ದಂಡವನ್ನು ಹಣವಿದ್ದವರು ಕಟ್ಟಿಯಾರು. ಘಟ್ಟ ಇಳಿಯುವಾಗ ಗಾಡಿಯಲ್ಲಿ ಕುಳಿತಿರುವವರು ಚಾಲಕ ಮತ್ತು ಕ್ಲೀನರು. ಅವರ ಮನೆಯವರು ಊರಿನಲ್ಲಿ ತಿಂಗಳ ಹಣಕ್ಕೂ ಕಾಗದಕ್ಕೂ ಕಾದಿರುತ್ತಾರೆ.

ಚೀಟಿ ಬರೆಯುವ ಗುಮಾಸ್ತ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ತೂಕದ ಕಲಮಿನಲ್ಲಿ ತೂಗಿದ ಅಂಕಿಯನ್ನೇ ಬರೆಯಿರಿ. ಆ ಅಂಕಿಯನ್ನು ನಂಬಿಯೇ ಚಾಲಕನು ಗೇರು ಹಾಕುತ್ತಾನೆ. ಚಾಲಕ ಬಂಧುಗಳೆ, ಗಾಡಿ ಎಷ್ಟು ಎಳೆಯುತ್ತದೆ ಎಂದು ಕೇಳುವುದಕ್ಕೆ ಮುಂಚೆ ಎಷ್ಟನ್ನು ನಿಲ್ಲಿಸುತ್ತದೆ ಎಂದು ಕೇಳಿ.